ಕುರ್ಚಿಯ ಸಮೇತ ಬಂದ ಲಾ ಮಾಷ್ಟ್ರು

ವಕೀಲರ ಲೋಕದಲ್ಲಿ ಕಕ್ಷಿಗಾರರಿಲ್ಲದವನನ್ನು ಯಾರೂ ಹಾಗೆಂದು ಕರೆಯುವುದಿಲ್ಲ. ಕಪ್ಪು ಕೋಟು ತೊಟ್ಟವರಿಗೆ ಒಬ್ಬರ ಮೇಲೊಬ್ಬರಿಗೆ ಅಷ್ಟು ದಾಕ್ಷಿಣ್ಯ ಇದ್ದೇ ಇರುತ್ತದೆ. "ಅವರು ಸ್ವಲ್ಪ ಓದುವ ಸ್ವಭಾವದವರು" ಎನ್ನುತ್ತಾರೆ. ಮದರಾಸಿನಲ್ಲಿ ಬಿ.ಎಲ್. ಮುಗಿಸಿ ಕಾಸರಗೋಡಿಗೆ ಮರಳಿದ ನಾನು, ಹೊಸ ಕೋಟು ತೊಟ್ಟು ಕೋರ್ಟಿನ ಜಗಲಿಯಲ್ಲಿ ನಿಂತೆ. ನಿಂತಲ್ಲೇ ಆ ಕೋಟು ಹಳೆಯದಾಗುವ ಹೊತ್ತಿಗೆ ನನಗೆ ಈ ಬಿರುದು ಗಟ್ಟಿಯಾಗಿತ್ತು. ಬಿರುದಿನ ಬೆನ್ನಿಗೆ ಅದಕ್ಕೆ ತಕ್ಕ ಹುದ್ದೆಯೂ ಬಂತು. ವಕೀಲರ ಲೈಬ್ರರಿಯನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಸಂಘದ ಅಧ್ಯಕ್ಷರಾದ ತಿಮ್ಮಪ್ಪ ವಕೀಲರು ಸುತ್ತ ಒಮ್ಮೆ ಕಣ್ಣಾಡಿಸಿ, ನನ್ನ ಮೇಲೆ ನಿಲ್ಲಿಸಿ, "ನಿಮಗೆ ಹೇಗೂ ಪುರುಸೊತ್ತು ಉಂಟಲ್ಲ" ಎಂದರು. ಆ ಮಾತಿಗೆ ಎದುರು ವಾದ ಹೂಡಲು ನನ್ನಲ್ಲಿ ಸಾಕ್ಷ್ಯವಿರಲಿಲ್ಲ.

ಲೈಬ್ರರಿ ಎಂದರೆ ಕೋರ್ಟಿನ ಅಂಗಳದ ಮೂಲೆಯಲ್ಲಿದ್ದ ಒಂದು ಹೆಂಚಿನ ಕೋಣೆ. ನಾನು ಹುಟ್ಟುವ ಮೊದಲು ಅದು ಲೈಬ್ರರಿಯಾಗಿರಲಿಲ್ಲ, ಶಾಲೆಯಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತದೆ ಒಂದು ಪರೀಕ್ಷೆ ಪಾಸು ಮಾಡಿದರೆ ಪ್ಲೀಡರ್ ಆಗಬಹುದಾಗಿದ್ದ ಕಾಲ ಅದು. ಆ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡಲು ಅಡೂರಿನ ದೂಮಣ್ಣ ರೈ ಎಂಬವರು ಈ ಕೋಣೆಯಲ್ಲಿ ಒಂದು ಕ್ಲಾಸು ನಡೆಸುತ್ತಿದ್ದರು. ಜನ ಅವರನ್ನು ಲಾ ಮಾಷ್ಟ್ರು ಎಂದು ಕರೆಯುತ್ತಿದ್ದರಂತೆ. ನಮ್ಮ ಕೋರ್ಟಿನ ನರೆತ ತಲೆಗಳೆಲ್ಲ ಅವರ ಕೈಯಲ್ಲಿ ಪೆಟ್ಟು ತಿಂದವೇ. ಸರಕಾರ ಪರೀಕ್ಷೆಯನ್ನೇ ನಿಲ್ಲಿಸಿದಾಗ ಕ್ಲಾಸೂ ನಿಂತಿತು. ಮಾಷ್ಟ್ರು ಊರಿಗೆ ಹೋದರು. ಪುಸ್ತಕಗಳು ಕಪಾಟಿನಲ್ಲೇ ಉಳಿದವು. ಹಾಗೆ ಉಳಿದದ್ದಕ್ಕೆ ಲೈಬ್ರರಿ ಎಂದು ಹೆಸರಿಟ್ಟರು.

ಹೀಗೆ ನೆಮ್ಮದಿಯಿಂದಿದ್ದ ಕೋಣೆಯ ಮೇಲೆ ಸರಕಾರದ ಕಣ್ಣು ಬಿತ್ತು. ಹಳೆಯ ದಫ್ತರುಗಳನ್ನು ಇಡಲು ಜಾಗ ಸಾಲದು, ವಕೀಲರು ಕೋಣೆ ಬಿಟ್ಟುಕೊಡಬೇಕು ಎಂಬ ಮಾತು ಬಂತು. ತಪಾಸಣೆಗೆ ಬರಲಿದ್ದ ಮಂಗಳೂರಿನ ಜಿಲ್ಲಾ ಜಡ್ಜರು ಇದನ್ನು ತೀರ್ಮಾನಿಸುವವರು. ತಿಮ್ಮಪ್ಪ ವಕೀಲರು ಒಂದು ಅರ್ಜಿ ಬರೆದರು. ಈ ಕೋಣೆ ಅನಾದಿ ಕಾಲದಿಂದ ನಮ್ಮ ಸ್ವಾಧೀನದಲ್ಲಿರುವುದರಿಂದ ಇದು ನಮ್ಮದೇ ಎಂಬುದು ಅದರ ಸಾರ. ಅರ್ಜಿಯ ಜೊತೆಗೆ ಇನ್ನೊಂದು ಉಪಾಯವನ್ನೂ ಹೂಡಿದರು. ಕಾನೂನು ಕ್ಲಾಸಿನ ಇತಿಹಾಸವನ್ನು ತೋರಿಸುವ ಪ್ರದರ್ಶನವೊಂದನ್ನು ಅಲ್ಲಿ ಏರ್ಪಡಿಸುವುದು, ಜಡ್ಜರು ಅದನ್ನು ನೋಡಿ ಕರಗುವುದು. ಕರಗಿಸುವ ಕೆಲಸ ಲೈಬ್ರೇರಿಯನ್ನನದು.

ನಾನು ಕಪಾಟು ತೆರೆದೆ. ಇತಿಹಾಸವನ್ನು ನನಗಿಂತ ಮೊದಲೇ ಗೆದ್ದಲು ಓದಿ ಮುಗಿಸಿತ್ತು. ಹಿಂದೂ ಕಾನೂನಿನ ದಪ್ಪ ಪುಸ್ತಕದಲ್ಲಿ ದತ್ತಕದ ಅಧ್ಯಾಯದಿಂದ ಆಸ್ತಿ ವಿಭಾಗದ ಅಧ್ಯಾಯದವರೆಗೆ ಒಂದೇ ಸುರಂಗ. ಗೋಡೆಗೆ ಒರಗಿಸಿದ್ದ ಕರಿಹಲಗೆ ಸಿಕ್ಕಿತು. ಹಿಂಬದಿಯ ಜಗಲಿಯಲ್ಲಿ ಒಂದು ಉದ್ದ ಬೆಂಚು ಸಿಕ್ಕಿತು. ತೊಳೆದು ನೋಡಿದರೆ ಅದರ ಮೈತುಂಬ ಚೂರಿಯಿಂದ ಕೆತ್ತಿದ ಹೆಸರುಗಳು! ಆಸ್ತಿ ಹಾಳುಮಾಡಿದ ಮೊಕದ್ದಮೆಗಳಲ್ಲಿ ಗುಡುಗುವ ನಮ್ಮ ಹಿರಿಯರೆಲ್ಲ ಅಲ್ಲಿ ಸಾಲಾಗಿದ್ದರು. ತಿಮ್ಮಪ್ಪ ವಕೀಲರು ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, ಬಡಗಿಯನ್ನು ಕರೆಸಿ ಉಜ್ಜಿಸುವುದು ಒಳ್ಳೆಯದೆಂದರು. ಉಜ್ಜಿದರೆ ಉಳಿಯುವುದು ಬರಿಯ ಬೆಂಚು, ಇತಿಹಾಸವಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಹೆಸರಿರುವ ತುದಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಡಲು ಹೇಳಿ ಹೋದರು.

ಇನ್ನು ಮಾಷ್ಟ್ರ ವಿಷಯ. ಅವರು ತೀರಿಹೋದರೇ ಎಂದು ಕೇಳಿದೆ. "ತೀರಿರಬೇಕಪ್ಪ, ಇದ್ದಿದ್ದರೆ ಗೊತ್ತಾಗ್ತಿತ್ತು" ಎಂದರು ಒಬ್ಬರು. ಉಳಿದವರು ದುಃಖದಿಂದ ತಲೆಯಾಡಿಸಿದರು. ಸರಿ, ನಾನು ಒಂದು ರಟ್ಟಿನ ಮೇಲೆ ದಪ್ಪಕ್ಷರಗಳಲ್ಲಿ 'ದಿವಂಗತ ದೂಮಣ್ಣ ರೈ' ಎಂದು ಬರೆಯುತ್ತಾ ಕುಳಿತಿದ್ದೆ. ಬೇರೆ ವಕೀಲರನ್ನು ಕಾಯುತ್ತಾ ಬಾಗಿಲಲ್ಲಿ ನಿಂತಿದ್ದ ಅಡೂರಿನ ಐತಪ್ಪ ಎಂಬ ಕಕ್ಷಿಗಾರ ಅದನ್ನು ಓದಿ ಒಳಗೆ ಬಂದ.

"ಯಾರು ಸತ್ತದ್ದು? ದೂಮಣ್ಣ ರೈಗಳಾ? ಎಂತ ಮಾರಾಯ್ರೇ, ನನ್ನ ದನ ಗದ್ದೆಗೆ ಇಳಿಯಿತು ಅಂತ ನಿನ್ನೆ ಅಷ್ಟು ಬೈದಿದ್ದಾರೆ!"

ನಾನು 'ದಿವಂಗತ'ವನ್ನು ಕತ್ತರಿಸಿ ತೆಗೆದೆ. ರಟ್ಟು ಸಣ್ಣದಾಯಿತು, ಕೆಲಸ ದೊಡ್ಡದಾಯಿತು. ಬದುಕಿರುವವರಲ್ಲಿಗೆ ಹೋಗಿ ಕೇಳದೆ ಪ್ರದರ್ಶನ ಮಾಡುವುದು ಹೇಗೆ? ಹಿರಿಯ ಶಿಷ್ಯರಲ್ಲಿ ಯಾರಿಗೂ ಬಿಡುವಿರಲಿಲ್ಲ. ಮುಳ್ಳೇರಿಯಾದವರೆಗೆ ಬಸ್ಸು, ಅಲ್ಲಿಂದ ಮುಂದೆ ನಡಿಗೆ. ನಾನೇ ಹೊರಟೆ.

ಲಾ ಮಾಷ್ಟ್ರು ಜಗಲಿಯಲ್ಲಿ ತೋಳಿನ ಕುರ್ಚಿಯೊಂದರಲ್ಲಿ ಕುಳಿತು, ಮಳೆಗಾಲಕ್ಕೆಂದು ಅಟ್ಟದಿಂದ ತೂಗಹಾಕಲು ಸೌತೆಕಾಯಿಗಳಿಗೆ ಬಾಳೆನಾರು ಕಟ್ಟುತ್ತಿದ್ದರು. ಉಟ್ಟ ಮುಂಡಿನ ಮೇಲೆ ಕಪ್ಪು ಕೋಟು. ಬೆಳಗಿನ ಚಳಿಗೆ ಒಳ್ಳೆಯದಂತೆ. ನನ್ನ ಕೋಟನ್ನೂ ನೋಡಿ, "ಎಂತ, ಯಾರ ಮೇಲೆ ಕೇಸು?" ಎಂದರು.

"ಕೇಸಲ್ಲ ಮಾಷ್ಟ್ರೇ. ನಿಮ್ಮ ನೆನಪಿಗಾಗಿ ಒಂದು ಪ್ರದರ್ಶನ ಮಾಡುವವರಿದ್ದೇವೆ."

"ನೆನಪಿಗಾ? ನಾನು ಎಲ್ಲಿಗೆ ಹೋಗಿದ್ದೇನೆ?"

ಅಷ್ಟರಲ್ಲಿ ಅವರ ಹೆಂಡತಿ ಕಮಲಕ್ಕ ಬೆಲ್ಲ ನೀರು ತಂದಿಟ್ಟು ನನ್ನನ್ನು ಉಳಿಸಿದರು. ಬೆಲ್ಲ ಕಚ್ಚಿ, ನೀರು ಕುಡಿದು, ಧೈರ್ಯ ತಂದುಕೊಂಡು, ಕ್ಲಾಸಿನ ಕಾಲದಲ್ಲಿ ತಾವು ಉಪಯೋಗಿಸುತ್ತಿದ್ದ ವಸ್ತುಗಳೇನಾದರೂ ಇದ್ದರೆ ಕೊಡಬೇಕು ಎಂದೆ.

"ಕನ್ನಡಕ ಉಂಟು, ಮೂಗಿನ ಮೇಲೆ ಉಂಟು. ಕೋಟು ಮೈಮೇಲೆ ಉಂಟು. ಕುರ್ಚಿ ಬೇಕಾದರೆ ನಾನು ಏಳಬೇಕು. ನನಗೆ ಏಳಲಿಕ್ಕೆ ಮನಸ್ಸಿಲ್ಲ."

ಆಮೇಲೆ ಅವರೇ ವಿಚಾರಿಸತೊಡಗಿದರು. ತಿಮ್ಮಪ್ಪ ಈಗಲೂ ಮಾತಿಗೆ ಮೊದಲು ಕೆಮ್ಮುತ್ತಾನೋ, ಉಪ್ಪಳದ ಮೋನಪ್ಪನಿಗೆ ಸಾಕ್ಷಿಯನ್ನು ಕಂಡರೆ ನಡುಕ ಹೋಯಿತೋ, ಯಾರ ಮಗಳಿಗೆ ಮದುವೆಯಾಯಿತು, ಯಾರಿಗೆ ಕಣ್ಣು ಮಂದವಾಯಿತು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದರು. ನಾನು ಗೊತ್ತಿದ್ದಷ್ಟು ಹೇಳಿದೆ.

"ಎಲ್ಲರನ್ನೂ ಹೀಗೇ ಕೇಳ್ತಾ ಇರ್ತಾರೆ" ಎಂದರು ಕಮಲಕ್ಕ. "ಇಲ್ಲಿಗೆ ಒಬ್ಬರಾದರೂ ಬರ್ಲಿಲ್ಲ. ಈಗ ನೀವು ಬಂದಿರಿ. ನೀವು ಇವರ ಶಿಷ್ಯ ಕೂಡಾ ಅಲ್ಲ."

"ಅವರಿಗೆ ಕೆಲಸ ಇರ್ತದೆ" ಎಂದು ಮಾಷ್ಟ್ರು ಸೌತೆಕಾಯಿಯ ಗಂಟನ್ನು ಅಗತ್ಯಕ್ಕಿಂತ ಬಿಗಿಯಾಗಿ ಎಳೆದರು. ನಾರು ತುಂಡಾಯಿತು.

ಕಮಲಕ್ಕ ನನ್ನ ಕಡೆ ತಿರುಗಿ, "ವಸ್ತು ಗಿಸ್ತು ಎಂತಕ್ಕೆ? ಇವರನ್ನೇ ಕರ್ಕೊಂಡು ಹೋಗಿ. ಇಲ್ಲಿ ಕೇಳುವವರಿಲ್ಲದೆ ಕೆಲಸದವರಿಗೆಲ್ಲ ಪಾಠ ಮಾಡ್ತಾರೆ. ಮೊನ್ನೆ ಹಾಲಿನವನನ್ನು ನಿಲ್ಲಿಸಿ ಕರಾರಿನ ಕಾನೂನು ಹೇಳಿದರು. ಹಾಲು ಒಡೆದು ಹೋಯಿತು" ಎಂದರು. ಮಾಷ್ಟ್ರು ಹೆಂಡತಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಕುರ್ಚಿ ನನ್ನೊಟ್ಟಿಗೆ ಬರ್ತದೆ, ನನ್ನೊಟ್ಟಿಗೇ ಹೋಗ್ತದೆ" ಎಂದು ಷರತ್ತು ಹಾಕಿದರು.

ಪ್ರದರ್ಶನದ ದಿನ ಕುರ್ಚಿ ಬಸ್ಸಿನ ತಲೆಯ ಮೇಲೆ ಬಂತು, ಮಾಷ್ಟ್ರು ಒಳಗೆ ಬಂದರು. ನಾನು ಕುರ್ಚಿಯನ್ನು ಕರಿಹಲಗೆಯ ಮುಂದೆ ಇಟ್ಟು, ಸುತ್ತ ಹಗ್ಗ ಕಟ್ಟಿ, 'ಗುರುಗಳ ಆಸನ, ಮುಟ್ಟಬಾರದು' ಎಂಬ ಚೀಟಿ ಅಂಟಿಸಿ ಹೂವು ತರಲು ಹೋದೆ. ಬರುವಷ್ಟರಲ್ಲಿ ಗುರುಗಳು ಹಗ್ಗ ದಾಟಿ ಕುಳಿತಿದ್ದರು. ಏಳಿ ಎನ್ನುವುದು ಹೇಗೆ? ಹಿರಿಯ ಶಿಷ್ಯರು ಒಬ್ಬೊಬ್ಬರಾಗಿ ಬಂದು, ಸತ್ತವರನ್ನು ಕಂಡವರಂತೆ ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ಜಡ್ಜರೂ ಬಂದೇಬಿಟ್ಟರು. ಬಳ್ಳಾರಿಯ ಕಡೆಯವರು, ನಗು ಕಡಿಮೆ. ಚೀಟಿಯನ್ನು ಓದಿ, ಕುಳಿತವರನ್ನು ನೋಡಿ, "ಯಜಮಾನರೇ, ಅದು ಪ್ರದರ್ಶನದ ವಸ್ತು" ಎಂದರು.

"ನಾನೂ ಹಾಗೇ" ಎಂದರು ಮಾಷ್ಟ್ರು.

ತಿಮ್ಮಪ್ಪ ವಕೀಲರು ಕೆಮ್ಮಿದರು. ಪರಿಚಯ ಮಾಡಿಕೊಡುವ ಉದ್ದೇಶವಿದ್ದಿರಬೇಕು. ಆದರೆ ಆ ಕೆಮ್ಮು ಕಿವಿಗೆ ಬಿದ್ದದ್ದೇ ತಡ, ಮಾಷ್ಟ್ರ ಬೆನ್ನು ನೆಟ್ಟಗಾಯಿತು. "ತಿಮ್ಮಪ್ಪ, ತಡವಾಗಿ ಬಂದದ್ದಲ್ಲದೆ ಬಾಗಿಲಲ್ಲಿ ನಿಲ್ಲುವುದಾ? ಕೂತುಕೋ!" ಎಂದರು. ನಂಬಿದರೆ ನಂಬಿ, ಸಂಘದ ಅಧ್ಯಕ್ಷರು ಹೋಗಿ ಬೆಂಚಿನ ಮೇಲೆ ಕುಳಿತರು. ಅವರ ಹಿಂದೆ ಮೋನಪ್ಪ ವಕೀಲರು, ಅವರ ಹಿಂದೆ ಉಳಿದವರು. ಬೆಂಚು ನರಳಿತು. ಎಲ್ಲರೂ ತಮ್ಮ ತಮ್ಮ ಹೆಸರಿನ ಮೇಲೆಯೇ ಕುಳಿತಿದ್ದನ್ನು ನಾನು ಗಮನಿಸಿದೆ.

"ಹೇಳು, ಪ್ರತಿಕೂಲ ಸ್ವಾಧೀನ ಎಂದರೆಂತ?"

ತಿಮ್ಮಪ್ಪ ವಕೀಲರು ಎದ್ದು ನಿಂತು ಮತ್ತೆ ಕೆಮ್ಮಿದರು. ಕೆಮ್ಮುತ್ತಲೇ ಇದ್ದರು. ಮಾಷ್ಟ್ರ ಕಣ್ಣು ನನ್ನ ಮೇಲೆ ಬಿತ್ತು. "ನೀವು ಮದರಾಸಿನ ಬಿ.ಎಲ್. ಅಲ್ಲವಾ? ನೀವು ಹೇಳಿ." ಮದರಾಸಿನಲ್ಲಿ ನಾನು ಉತ್ತರಗಳನ್ನು ಬರೆದಿದ್ದೆನೇ ಹೊರತು ಯಾರಿಗೂ ಹೇಳಿದವನಲ್ಲ. "ಬೇರೆಯವರ ಜಾಗದಲ್ಲಿ ತುಂಬಾ ಕಾಲ ಇರುವುದು" ಎಂದೆ. "ಹಾಗಾದರೆ ಅತ್ತೆಮನೆಯಲ್ಲಿರುವ ಅಳಿಯನೂ ಅದೇನಾ?" ಎಂದರು ಮಾಷ್ಟ್ರು. ನಾನು ಹೂವಿನ ಪೊಟ್ಟಣವನ್ನು ಬಿಚ್ಚುವುದರಲ್ಲಿ ಮಗ್ನನಾದೆ.

ನಮ್ಮ ಮೇಲೆ ಕನಿಕರವೋ ಏನೋ, ಜಡ್ಜರೇ ಉತ್ತರ ಕೊಟ್ಟರು: ಹನ್ನೆರಡು ವರ್ಷ ಎಡೆಬಿಡದೆ ಬಹಿರಂಗವಾಗಿ ಅನುಭವಿಸಿದರೆ ಜಾಗ ಅನುಭವಿಸಿದವನದು. ಮಾಷ್ಟ್ರು ತಲೆಯಾಡಿಸಿ, "ಅರ್ಧ ಸರಿ" ಎಂದರು.

ಜಿಲ್ಲಾ ಜಡ್ಜರಿಗೆ ಅರ್ಧ ಅಂಕ! ಅವರು ಮಾತ್ರ ಶಾಂತವಾಗಿ, "ಇನ್ನರ್ಧ?" ಎಂದು ಕೇಳಿದರು.

"ಸುಮ್ಮನೆ ಕೂತರೆ ಸಾಲದು. ಇದು ನನ್ನದು ಅಂತ ಯಜಮಾನನ ಎದುರು ಹಟ ಹಿಡಿದು ಕೂರಬೇಕು. ಅನುಮತಿ ಕೇಳಿ ಕೂತವನು ನೂರು ವರ್ಷ ಕೂತರೂ ನೆಂಟನೇ. ಈಗ ಈ ಕೋಣೆಯನ್ನೇ ತಗೊಳ್ಳಿ. ಅಂದು ನಾನೇ ಮುನಸೀಫರ ಹತ್ತಿರ ಹೋಗಿ, ಹುಡುಗರಿಗೆ ಪಾಠ ಮಾಡ್ಲಿಕ್ಕೆ ಸ್ವಲ್ಪ ಜಾಗ ಕೊಡಿ ಅಂತ ಕೈಮುಗಿದು ಕೇಳಿದ್ದು. ಆದ್ದರಿಂದ ಇದು ಸರಕಾರದ್ದು. ನಮ್ಮದು ಅಂತ ಹೇಳಲಿಕ್ಕೆ ಯಾರಿಗೂ ಬಾಯಿಲ್ಲ."

ತಿಮ್ಮಪ್ಪ ವಕೀಲರ ಮುಖ ಕರಿಹಲಗೆಯ ಬಣ್ಣಕ್ಕೆ ತಿರುಗಿತು. ಅವರ ಅರ್ಜಿ ಜಡ್ಜರ ಕೈಯಲ್ಲೇ ಇತ್ತು. ಯಾವ ಎದುರು ವಕೀಲನೂ ಇಷ್ಟು ಅಂದವಾಗಿ ನಮ್ಮ ಕೇಸನ್ನು ಮುಳುಗಿಸಲಾರ. "ಮಾಷ್ಟ್ರೇ, ಅದು ನಮ್ಮದೇ ಅರ್ಜಿ" ಎಂದು ಅವರು ಪಿಸುಗುಟ್ಟಿದರು. "ನಿಮ್ಮದಾದರೆ ಕಾನೂನು ಬೇರೆಯಾಗ್ತದಾ?" ಎಂದು ಮಾಷ್ಟ್ರು ಗಟ್ಟಿಯಾಗಿಯೇ ಕೇಳಿದರು.

ಜಡ್ಜರು ಅರ್ಜಿಯನ್ನು ಮಡಚಿದರು. ಹಗ್ಗದ ಈಚೆ ನಿಂತಿದ್ದ ಅವರೂ ಬೆಂಚಿನ ತುದಿಗೆ ಬಂದು ಕುಳಿತರು. "ಈಗಲೂ ಪಾಠ ನಡೆಯುತ್ತದೆಯೇ?" ಎಂದರು. ಮಾಷ್ಟ್ರು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸತೊಡಗಿದರು. ಒರೆಸುವ ಕೆಲಸ ಬಹಳ ಹೊತ್ತು ಹಿಡಿಯಿತು. "ಕೇಳುವವರು ಇದ್ದರೆ ನಡೆಯುತ್ತದೆ" ಎಂದರು ಕೊನೆಗೆ.

ಜಡ್ಜರ ತೀರ್ಮಾನ ಚುಟುಕಾಗಿತ್ತು. ಅರ್ಜಿ ತಿರಸ್ಕೃತ. ಬರಿಯ ಹಳೆಯ ಸಾಮಾನು ಇಡುವ ಕೋಣೆಯಾದರೆ ಸರಕಾರದ ಹಳೆಯ ಸಾಮಾನಿಗೆ ಮೊದಲ ಹಕ್ಕು. ಆದರೆ ವಾರಕ್ಕೊಮ್ಮೆ ಪಾಠ ನಡೆಯುವುದಾದರೆ, ನಡೆಯುವಷ್ಟು ಕಾಲ, ಅನುಮತಿಯ ಮೇಲೆ ಇಟ್ಟುಕೊಳ್ಳಬಹುದು. ದಫ್ತರಿಗೆ ಬೇರೆ ಜಾಗ ನೋಡುವುದು.

ಎಲ್ಲರಿಗೂ ಸಂತೋಷವಾಯಿತು. ಮೋನಪ್ಪ ವಕೀಲರು ಮಾಷ್ಟ್ರ ಕಾಲಿಗೆ ಬಿದ್ದು, ಅಡೂರಿಗೆ ಬರಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ ಎಂದು ಅತ್ತೇಬಿಟ್ಟರು. "ಬರ್ಬೇಕು ಅಂದುಕೊಳ್ಳುವುದು ಬಂದದ್ದಕ್ಕೆ ಸಮ ಅಲ್ಲ ಮೋನಪ್ಪ" ಎಂದು ಮಾಷ್ಟ್ರು ಅವರ ಬೆನ್ನು ಸವರಿದರು. ಕುರ್ಚಿಯನ್ನು ಬಸ್ಸಿಗೆ ಹಾಕುವ ಹೊತ್ತಿಗೆ ಷರತ್ತನ್ನು ತಾವೇ ಮರೆತು, "ಇಲ್ಲೇ ಇರಲಿ, ಶನಿವಾರ ಹೇಗೂ ಬೇಕಲ್ಲ" ಎಂದರು.

ಶನಿವಾರದ ಪಾಠಕ್ಕೆ ವಿದ್ಯಾರ್ಥಿಗಳು ಬೇಡವೇ? ಹಿರಿಯರು ಮೊದಲ ಶನಿವಾರ ಬಂದರು, ಎರಡನೆಯದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಬಂತು. ಕೋಣೆ ಉಳಿಯಬೇಕಾದರೆ ಯಾರಾದರೂ ತಪ್ಪದೆ ಬೆಂಚಿನ ಮೇಲೆ ಇರಬೇಕು. ತಿಮ್ಮಪ್ಪ ವಕೀಲರು ಸುತ್ತ ಕಣ್ಣಾಡಿಸಿದರು. ಇತಿಹಾಸವನ್ನು ಕಾಪಾಡಲು ಹೊರಟಿದ್ದ ನಾನು ಹೀಗೆ ಅದರ ಖಾಯಂ ವಿದ್ಯಾರ್ಥಿಯಾದೆ. ಪ್ರದರ್ಶನದ ಕರಿಹಲಗೆಯ ಮೇಲೆ ಈಗ ಸುಣ್ಣದ ಕಡ್ಡಿಯ ಗೀರು. ಮಾಷ್ಟ್ರು ಬಿಡುವವರಲ್ಲ. ಕಾನೂನಿನ ಕಲಮುಗಳನ್ನು ಬಾಯಿಪಾಠ ಒಪ್ಪಿಸಬೇಕು, ತಪ್ಪಿದರೆ ನಿಲ್ಲಬೇಕು. ಕಿಟಕಿಯ ಹೊರಗೆ ಗುಮಾಸ್ತರು ನೋಡುತ್ತಾರೆಂದು ನಾನು ಒಮ್ಮೆ ಹೇಳಿದ್ದಕ್ಕೆ, ಅವರೂ ಕಲಿಯಲಿ ಎಂದು ಕಿಟಕಿಯನ್ನು ಪೂರ್ತಿ ತೆರೆಸಿದರು.

ಮೊನ್ನೆ ಪಕ್ಕದ ಮನೆಯ ದೇವಕಿಯಕ್ಕ ನನ್ನ ಹೆಂಡತಿಯ ಹತ್ತಿರ ಬೇಲಿಯ ಆಚೆಯಿಂದ ಮಾತಿಗೆ ನಿಂತಿದ್ದರು. "ನಿಮ್ಮವರು ಶನಿವಾರ ಎಲ್ಲಿಗೆ ಹೋಗುವುದು, ಪುಸ್ತಕ ಹಿಡ್ಕೊಂಡು?" ಎಂದು ಕೇಳಿದರು. "ಲಾ ಕ್ಲಾಸಿಗೆ" ಎಂದಳು ನನ್ನವಳು. "ಹೌದಾ! ಪಾಠ ಮಾಡ್ಲಿಕ್ಕಾ?"

ಒಳಕೋಣೆಯಲ್ಲಿದ್ದ ನಾನು ಉಸಿರು ಬಿಗಿಹಿಡಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಆದರೂ, "ಹೌದು, ಮತ್ತೆಂತಕ್ಕೆ?" ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು. ಒಳಗೆ ಬಂದವಳು ನನ್ನ ಮುಖ ನೋಡದೆ, ಶನಿವಾರದ ಬಾಯಿಪಾಠಕ್ಕೆಂದು ನಾನು ಹಿಡಿದಿದ್ದ ಪುಸ್ತಕವನ್ನು ತಾನು ತೆಗೆದುಕೊಂಡು, ಎದುರಿಗೆ ಚಾಪೆ ಹಾಕಿ ಕುಳಿತಳು.

"ಹ್ಞೂಂ, ಹೇಳಿ ನೋಡುವ" ಎಂದಳು. "ಮೊದಲಿನಿಂದ."