ಎಪ್ಪತ್ನಾಲ್ಕೋ ಇಪ್ಪತ್ತೊಂದೋ

ನನ್ನ ಆರು ತಿಂಗಳ ದುಡಿಮೆಯನ್ನು ಒಬ್ಬ ಹೆಂಗಸು ಎರಡೇ ಎರಡು ಸಾಲು ಬರೆದು ವಾಪಸ್ ಕಳಿಸಿದರು. ನ್ಯಾಯವೇ ಇದು, ನೀವೇ ಹೇಳಿ. ನನ್ನ ಕೆಲಸ ಮೊಬೈಲ್ ಆಪ್‌ಗಳ ಪರದೆ ರೂಪಿಸುವುದು. ಯಾವ ಗುಂಡಿ ಎಲ್ಲಿರಬೇಕು, ಯಾವ ಅಕ್ಷರ ಎಷ್ಟು ದಪ್ಪ ಇರಬೇಕು, ಯಾವುದಕ್ಕೆ ಯಾವ ಬಣ್ಣ ಬಳಿಯಬೇಕು ಎಂದು ತೀರ್ಮಾನಿಸುವ ಸೃಷ್ಟಿಕರ್ತ ನಾನು. (ಮನೆಯಲ್ಲಿ ಟಿವಿ ರಿಮೋಟ್ ಎಲ್ಲಿರಬೇಕು ಎಂದು ತೀರ್ಮಾನಿಸುವ ಅಧಿಕಾರವೂ ನನಗಿಲ್ಲ, ಅದು ಬೇರೆ ಮಾತು.) ಈ ಸಲ ಮಾಡಿದ್ದು ಮಾತ್ರೆ ನೆನಪಿಸುವ ಆಪ್. ವಾರದ ಏಳು ದಿನಕ್ಕೆ ಏಳು ಚುಕ್ಕೆ. ಮಾತ್ರೆ ನುಂಗಿದ ದಿನ ಹಸಿರು, ಮರೆತ ದಿನ ಕೆಂಪು. ಇಷ್ಟು ಸರಳ, ಇಷ್ಟು ಸುಂದರ.

ವಾಪಸ್ ಕಳಿಸಿದವರು ನಮ್ಮ ಕಚೇರಿಗೆ ಹೊಸದಾಗಿ ಬಂದಿರುವ ಆಕ್ಸೆಸಿಬಿಲಿಟಿ ಮೇಡಂ. ಕಣ್ಣು, ಕಿವಿ, ಬೆರಳು ಯಾವುದು ಕೈಕೊಟ್ಟವರಿಗೂ ನಮ್ಮ ಪರದೆ ಬಳಸಲು ಬರುತ್ತದೆಯೇ ಎಂದು ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವುದು ಅವರ ಕೆಲಸ. ಅವರು ಬರೆದದ್ದು ಇಷ್ಟು: ‘ಕೆಂಪು, ಹಸಿರು ವ್ಯತ್ಯಾಸ ಕಾಣದವರಿಗೆ ಈ ಏಳೂ ಚುಕ್ಕೆ ಒಂದೇ. ಅಂಥ ಒಬ್ಬರನ್ನಾದರೂ ಹುಡುಕಿ ಶುಕ್ರವಾರದೊಳಗೆ ಕರೆತನ್ನಿ.’ ಇಲ್ಲದಿದ್ದರೆ ಪರದೆ ಇನ್ನೊಂದು ತಂಡದ ಪಾಲಾಗುತ್ತದೆ ಎಂದು ಮ್ಯಾನೇಜರ್ ಪಕ್ಕದಲ್ಲೇ ನಿಂತು ಸೇರಿಸಿದರು.

ಬಣ್ಣದ ವಿಷಯದಲ್ಲಿ ನನ್ನನ್ನು ಕೆಣಕಬಾರದು. ಕಂಪ್ಯೂಟರಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಗಳೆಲ್ಲ ನನಗೆ ಬಾಯಿಪಾಠ. ಸಹೋದ್ಯೋಗಿಗಳು ನನ್ನ ಪರದೆಗಳನ್ನು ನೋಡಿದಾಗಲೆಲ್ಲ ನಿಮಗೆ ಧೈರ್ಯ ಜಾಸ್ತಿ ಸರ್ ಎನ್ನುತ್ತಾರೆ. ಅದನ್ನು ನಾನು ಮೊನ್ನೆಯವರೆಗೂ ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ. ಆದ್ದರಿಂದ ಮೇಡಂ ಮೇಜಿನ ಬಳಿಗೇ ಹೋಗಿ, ಅಂಥವರನ್ನು ಎಲ್ಲಿಂದ ಹಿಡಿದು ತರಲಿ ಎಂದು ಕೇಳಿದೆ.

“ಎಲ್ಲಾ ಕಡೆ ಇದ್ದಾರೆ ಸರ್. ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲಿ ತೀರಾ ಅಪರೂಪ. ಎಷ್ಟೋ ಜನಕ್ಕೆ ತಮಗೆ ಹಾಗಿದೆ ಅಂತಾನೇ ಗೊತ್ತಿರಲ್ಲ,” ಎಂದರು.

ತಮ್ಮ ಕಣ್ಣು ತಮಗೇ ಗೊತ್ತಿಲ್ಲದಷ್ಟು ಮಂಕುಗಳೂ ಇರುತ್ತಾರಲ್ಲ ಎಂದು ನನಗೆ ಅಯ್ಯೋ ಅನ್ನಿಸಿತು. ಅವರು ಒಂದು ಪುಟ್ಟ ಪುಸ್ತಕ ಕೊಟ್ಟರು. ಪುಟಕ್ಕೊಂದು ದೊಡ್ಡ ವೃತ್ತ, ಅದರ ತುಂಬ ಬಣ್ಣಬಣ್ಣದ ಚುಕ್ಕೆಗಳು, ಚುಕ್ಕೆಗಳ ನಡುವೆ ಒಂದು ಸಂಖ್ಯೆ. ಬಣ್ಣ ಸರಿಯಾಗಿ ಕಂಡವರು ಒಂದು ಸಂಖ್ಯೆ ಓದುತ್ತಾರೆ, ಕಾಣದವರು ಇನ್ನೊಂದು ಓದುತ್ತಾರಂತೆ. ಉತ್ತರಗಳು ಕೊನೆಯ ಪುಟದಲ್ಲಿದ್ದವು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಮೊದಲ ವೃತ್ತದಲ್ಲಿ ಇಪ್ಪತ್ತೊಂದು ಎಂದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿರುವಾಗ ಉತ್ತರ ನೋಡಬೇಕಾದ ಗತಿ ನನಗೇನು ಬಂದಿದೆ?

ಅಂದು ಸಂಜೆ ಮನೆಗೆ ಹೋಗಿ ಶೂ ಬಿಚ್ಚುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಕೂಗಿದಳು.

“ರೀ, ಮೇಲಿನ ಶೆಲ್ಫಲ್ಲಿ ಹಿಡಿಕೆ ಇರೋ ಡಬ್ಬ ಇದೆಯಲ್ಲ, ಅದನ್ನ ಸ್ವಲ್ಪ ಇಳಿಸಿ ಕೊಡಿ.”

ಕೈ ಚಾಚಿದವನು ಹಾಗೇ ನಿಂತೆ. ಅಲ್ಲಿ ಎರಡು ಡಬ್ಬಗಳಿದ್ದವು. ಒಂದಕ್ಕೆ ಹಿಡಿಕೆ ಇದೆ, ಇನ್ನೊಂದಕ್ಕೆ ಇಲ್ಲ. ಬಣ್ಣ ಮಾತ್ರ ಎರಡರದ್ದೂ ಒಂದೇ. ಅಂಗಡಿಯಲ್ಲಿ ಹತ್ತಾರು ಬಣ್ಣದ ಡಬ್ಬಗಳಿರುವಾಗ ಯಾವ ಹೆಂಗಸು ಒಂದೇ ಬಣ್ಣದ ಎರಡನ್ನು ಆರಿಸಿ ತರುತ್ತಾಳೆ? ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಒಂದು ಬಣ್ಣದ ಹೆಸರು ಕೇಳಿದ ನೆನಪೇ ನನಗಾಗಲಿಲ್ಲ. ಜೇಬಿರೋ ಅಂಗಿ, ಗೀಟಿರೋ ಚೀಲ, ಮೂಲೆ ಹರಿದಿರೋ ಪುಸ್ತಕ. ಬಣ್ಣ ಮಾತ್ರ ಇಲ್ಲವೇ ಇಲ್ಲ.

ಪತ್ತೇದಾರಿ ಶುರುವಾಯಿತು. ಕಾಲುಚೀಲಗಳನ್ನು ಹೊರಗೆ ಹಾಕಿ ನೋಡಿದರೆ ಒಂದು ಜೊತೆಗೆ ಒಂದು ಹೊಲಿಗೆ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ನನ್ನ ಅಂಗಿ ಮತ್ತು ಪ್ಯಾಂಟು ಒಂದೇ ಹ್ಯಾಂಗರಿನಲ್ಲಿ ಜೋಡಿಜೋಡಿಯಾಗಿ ನೇತಾಡುತ್ತಿದ್ದವು. (ಇದನ್ನು ನಾನು ಇಷ್ಟು ವರ್ಷ ಪತಿಭಕ್ತಿ ಎಂದು ತಿಳಿದು ಒಳಗೊಳಗೇ ಹಿಗ್ಗುತ್ತಿದ್ದೆ.) ಟೊಮೆಟೊ ಬುಟ್ಟಿ ಎರಡಿದ್ದವು, ಹಣ್ಣಾದದ್ದು ಎಡಕ್ಕೆ, ಕಾಯಿ ಬಲಕ್ಕೆ, ಕಾಯಿಯ ಬುಟ್ಟಿಯ ಮೇಲೆ ‘ಕಾಯಿ’ ಎಂದು ಬರೆದ ಕಾಗದ ಬೇರೆ. ಮಗಳ ಹಳೆಯ ಬಣ್ಣದ ಕಡ್ಡಿಗಳ ಪೆಟ್ಟಿಗೆ ತೆಗೆದರೆ ಪ್ರತಿ ಕಡ್ಡಿಗೂ ಹೆಂಡತಿಯ ಕೈಬರಹದಲ್ಲಿ ಹೆಸರಿನ ಚೀಟಿ ಅಂಟಿಸಿತ್ತು. ಮಗುವಿಗೆ ಅಕ್ಷರ ಕಲಿಸಲು ಎಂದು ಆಗ ಹೇಳಿದ್ದಳು.

ಎಲ್ಲ ಅರ್ಥವಾಯಿತು. ನನ್ನ ಹೆಂಡತಿಗೆ ಬಣ್ಣ ಕಾಣುವುದಿಲ್ಲ. ಹದಿನೆಂಟು ವರ್ಷ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬಣ್ಣದಲ್ಲೇ ಬದುಕುವ ಗಂಡನಿಗೆ ತಿಳಿದರೆ ಬೇಸರವಾದೀತು ಎಂದು ಹೊಲಿಗೆ ಹಾಕಿ, ಚೀಟಿ ಅಂಟಿಸಿ ಹೇಗೋ ನಿಭಾಯಿಸಿದ್ದಾಳೆ. ಕಾಲುಚೀಲ ಕೈಯಲ್ಲಿ ಹಿಡಿದುಕೊಂಡು ಮಂಚದ ಮೇಲೆ ಕೂತವನಿಗೆ ನಿಜವಾಗಿ ಕಣ್ಣು ತುಂಬಿ ಬಂತು. ಅಪರೂಪದ ಹೆಣ್ಣು ಸಿಕ್ಕಿದ್ದಾಳೆ ಎಂದು ಮದುವೆಯ ದಿನ ಎಲ್ಲರೂ ಹೇಳಿದ್ದರು. ಇಷ್ಟು ಅಪರೂಪ ಎಂದು ನನಗೆ ಹೊಳೆದಿರಲಿಲ್ಲ.

ಮಾರನೆಯ ದಿನ ಚಹಾ ಕುಡಿಯುವ ಹೊತ್ತಿಗೆ ಪುಸ್ತಕ ತೆಗೆದು ಅವಳ ಮುಂದಿಟ್ಟೆ. ಆದಷ್ಟು ಮೆತ್ತಗಿನ ದನಿಯಲ್ಲಿ, ಏನು ಕಾಣುತ್ತದೋ ಅದನ್ನೇ ಹೇಳು, ಹೆದರಬೇಡ, ನಾನಿದ್ದೇನೆ ಎಂದೆ. ಅವಳು ನನ್ನನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ, ನೀವು ಮೊದಲು ಹೇಳಿ ಎಂದಳು. ನಾನು ಇಪ್ಪತ್ತೊಂದು ಎಂದೆ. ಅವಳು ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಹೈಸ್ಕೂಲು ಓದುವ ಮಗಳು ನಮ್ಮ ನಡುವೆ ತಲೆ ತೂರಿಸಿ ಎಪ್ಪತ್ನಾಲ್ಕು ಎಂದುಬಿಟ್ಟಳು. ಹೆಂಡತಿ ಅವಳ ಕಾಲು ತುಳಿದದ್ದು ನನಗೆ ಕಂಡಿತು. ಪಾಪ, ಮಗಳ ಕೊರತೆಯನ್ನೂ ಮುಚ್ಚಿಡಲು ನೋಡುತ್ತಿದ್ದಾಳೆ!

“ನಿಜ ಹೇಳು, ನಿನಗೂ ಎಪ್ಪತ್ನಾಲ್ಕೇ ಅಲ್ವಾ?” ಎಂದು ಅವಳ ಕೈ ಹಿಡಿದು ಕೇಳಿದೆ.

“ಹೂಂ,” ಎಂದು ತಲೆ ತಗ್ಗಿಸಿದಳು.

ನಮ್ಮ ಜೊತೆಗೇ ಇರುವ ಅತ್ತೆಯವರು ಕನ್ನಡಕ ಹುಡುಕಿ ಹಾಕಿಕೊಂಡು ಬಂದು, ಎಪ್ಪತ್ನಾಲ್ಕು ಅಂತ ಇಷ್ಟು ದಪ್ಪಗೆ ಬರೆದಿದೆಯಲ್ಲ, ಅದಕ್ಕೆ ಇಷ್ಟೊಂದು ಮಾತೇಕೆ ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಮೂರು ತಲೆಮಾರು! ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ. ನನ್ನ ಒಂದು ಜೊತೆ ಕಣ್ಣು ಬಿಟ್ಟರೆ ಇಡೀ ಮನೆಯಲ್ಲಿ ನೆಟ್ಟಗಿರುವ ಕಣ್ಣೇ ಇಲ್ಲ. ಇನ್ನು ಮೇಲೆ ಈ ಮೂವರಿಗೂ ನಾನೇ ದಾರಿದೀಪ ಎಂದು ಆ ಕ್ಷಣವೇ ನಿರ್ಧರಿಸಿದೆ. ಆಮೇಲೆ ಕೂತು ಒಂದು ಪಟ್ಟಿ ಬರೆದೆ: ಹೆಂಡತಿ ಎಪ್ಪತ್ನಾಲ್ಕು, ಮಗಳು ಎಪ್ಪತ್ನಾಲ್ಕು, ಅತ್ತೆ ಎಪ್ಪತ್ನಾಲ್ಕು. ಸರಿಯಾದ ಉತ್ತರ, ಇಪ್ಪತ್ತೊಂದು.

ಶುಕ್ರವಾರ ಕಚೇರಿಗೆ ಬರಬೇಕು, ನನ್ನ ಪರದೆ ಉಳಿಯುವುದು ಬಿಡುವುದು ನಿನ್ನ ಕಣ್ಣಿನ ಮೇಲಿದೆ ಎಂದಾಗ ಹೆಂಡತಿ ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಕೊನೆಗೆ, “ಆಯ್ತು, ಬರ್ತೀನಿ. ಅಲ್ಲಿ ನೀವು ಜಾಸ್ತಿ ಮಾತಾಡಬೇಡಿ,” ಎಂದಳು.

ಮೇಡಂ ನನ್ನ ಪಟ್ಟಿಯನ್ನು ಓದಿದರು. ಇನ್ನೊಮ್ಮೆ ಓದಿದರು. ಮುಖದಲ್ಲಿ ಏನೂ ತೋರಿಸದೆ ಅದನ್ನು ಮಡಿಚಿ, ಇಬ್ಬರೂ ಕೂತ್ಕೊಳ್ಳಿ ಎಂದರು. ಫೋನಿನಲ್ಲಿ ನನ್ನ ಪರದೆ ತೆರೆದು, ಚುಕ್ಕೆಗಳನ್ನು ತಮಗೆ ಬೇಕಾದಂತೆ ಬದಲಾಯಿಸಿ ಹೆಂಡತಿಯ ಮುಂದಿಟ್ಟು, ಯಾವ ದಿನದ ಮಾತ್ರೆ ತಪ್ಪಿದೆ ಎಂದು ಕೇಳಿದರು. ಅವಳು ಪರದೆಯನ್ನು ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಪರದೆ ನೋಡಿ, ಏನೂ ಗೊತ್ತಾಗುತ್ತಿಲ್ಲ, ಎಲ್ಲ ಒಂದೇ ಥರ ಇದೆ ಎಂದಳು.

ಹೆಚ್ಚು ಮಾತಾಡಬೇಡಿ ಎಂದು ಅವಳು ಹೇಳಿದ್ದು ನಿಜ. ಆದರೆ ಪಕ್ಕದಲ್ಲಿ ಹೆಂಡತಿ ಕತ್ತಲಲ್ಲಿ ತಡಕಾಡುತ್ತಿರುವಾಗ ಕೈಕಟ್ಟಿ ಕೂರುವ ಗಂಡ ನಾನಲ್ಲ. ಬಗ್ಗಿ, ಪರದೆಯ ಮೇಲೆ ಬೆರಳಿಟ್ಟು, “ಇಲ್ನೋಡು, ಮೂರನೇದು ಕೆಂಪು. ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡು, ಕಾಣುತ್ತೆ,” ಎಂದೆ.

“ಹೌದು ಹೌದು, ಮೂರನೇದೇ. ಈಗ ಕಾಣ್ತಿದೆ,” ಎಂದು ಅವಳು ಗಡಿಬಿಡಿಯಲ್ಲಿ ಹೇಳಿದಳು.

ಮೇಡಂ ಪೆನ್ನು ಕೆಳಗಿಟ್ಟರು. “ಮೂರನೇದು ಹಸಿರು ಸರ್. ಕೆಂಪಿರೋದು ಆರನೇದು,” ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಬಹಳ ಮೃದುವಾಗಿ, “ನಿಮಗೆ ಮೊದಲಿಂದಲೂ ಕಾಣ್ತಿತ್ತು, ಅಲ್ವಾ?” ಎಂದು ಕೇಳಿದರು.

ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಕಾಣ್ತಿತ್ತು ಮೇಡಂ. ನನಗೆ ಕಾಣಲ್ಲ ಅಂತಾನೇ ಬರ್ಕೊಳ್ಳಿ. ಇವರಿಗೆ ಈ ಕೆಲಸ ಅಂದ್ರೆ ಪ್ರಾಣ.”

ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಸ್ಥಿತಿ. ಪುಸ್ತಕದ ಕೊನೆಯ ಪುಟ ತೆಗೆದು ಮೇಡಂ ನನ್ನ ಮುಂದೆ ಹಿಡಿದರು. ಮೊದಲ ವೃತ್ತದ ಎದುರಿಗೆ ಬರೆದಿತ್ತು: ಎಪ್ಪತ್ನಾಲ್ಕು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇಪ್ಪತ್ತೊಂದು ಎಂದು ಓದುವವರ ವಿಷಯವೂ ಇತ್ತು. ನಾಲ್ಕು ಸಾಲು. ನಾಲ್ಕೂ ನನ್ನ ಬಗ್ಗೆಯೇ.

ಕೆಲಸ ಹೋಯಿತು ಎಂದೇ ನಾನು ತಿಳಿದೆ. ಮೇಡಂ ಮಾತ್ರ ನನ್ನನ್ನು ಮರೆತೇಬಿಟ್ಟಿದ್ದರು. ಮನೆಯಲ್ಲಿ ಹೇಗೆ ನಿಭಾಯಿಸುತ್ತೀರಿ ಎಂದು ಹೆಂಡತಿಯನ್ನು ಕೇಳಿ, ಕುರ್ಚಿ ಹತ್ತಿರ ಎಳೆದುಕೊಂಡು ಬರೆದುಕೊಳ್ಳತೊಡಗಿದರು. ಕಾಲುಚೀಲದ ಹೊಲಿಗೆ, ಬುಟ್ಟಿಯ ಕಾಗದ, ಬಣ್ಣದ ಕಡ್ಡಿಯ ಚೀಟಿ. ಶೆಲ್ಫಿನ ಡಬ್ಬಗಳಲ್ಲಿ ಒಂದು ಕೆಂಪು, ಇನ್ನೊಂದು ಹಸಿರಂತೆ! ಬಣ್ಣ ಒಂದನ್ನೇ ನಂಬಿ ಏನನ್ನೂ ಇಡಬಾರದು, ಜಾಗ ಇರಬೇಕು, ಆಕಾರ ಇರಬೇಕು, ಇಲ್ಲವೇ ಹೆಸರು ಬರೆದಿರಬೇಕು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಆ ಶಾಸ್ತ್ರವನ್ನು ನಮಗೆ ಕಲಿಸಲು ಕಚೇರಿಯವರು ಹೋದ ವರ್ಷ ಮೂರು ದಿನದ ತರಬೇತಿ ಇಟ್ಟಿದ್ದರು. ನಾನು ಕಿಟಕಿಯ ಪಕ್ಕ ಕೂತು ಚೆನ್ನಾಗಿ ನಿದ್ದೆ ಮಾಡಿದ್ದೆ.

“ಈ ಚುಕ್ಕೆಗೆ ಏನು ಮಾಡೋಣ ಹೇಳಿ,” ಎಂದರು ಮೇಡಂ.

ನುಂಗಿದ ದಿನದ ಚುಕ್ಕೆ ತುಂಬಿರಲಿ, ತಪ್ಪಿದ ದಿನದ್ದು ಖಾಲಿ ಉಂಗುರ ಆಗಲಿ, ಪಕ್ಕದಲ್ಲಿ ತಪ್ಪಿದೆ ಎಂದು ಬರೆದೇ ಬಿಡಿ ಎಂದಳು ಹೆಂಡತಿ. “ಬಣ್ಣ ಇರಲಿ, ತೆಗೀಬೇಡಿ. ಪಾಪ, ಇವರು ಆಸೆಪಟ್ಟು ಹಾಕಿದ್ದಾರೆ.”

ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಹೊರಗಿನ ಮರಗಳೂ ಅಂಗಡಿಯ ಬೋರ್ಡುಗಳೂ ಒಂದೊಂದಾಗಿ ಅನುಮಾನ ಹುಟ್ಟಿಸುತ್ತಿದ್ದವು. ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮದುವೆಯಾದ ಎರಡನೇ ವಾರ, ಹಸಿರು ಸ್ವೆಟರ್ ಎಂದು ನೀವು ಒಂದು ತಂದಿರಲ್ಲ, ಆಗ ಎಂದಳು.

“ಅದು ಯಾವ ಬಣ್ಣ?”

“ಹಸಿರು. ನಮ್ಮನೇಲಿ ಅದನ್ನ ಹಸಿರು ಅಂತಾನೇ ಕರೆಯೋದು.”

ಮಗಳು ಚಿಕ್ಕವಳಿದ್ದಾಗ ಸ್ಕೂಲಿಗೊಂದು, ಮನೆಗೊಂದು ಎಂದು ಬಣ್ಣದ ಹೆಸರುಗಳನ್ನು ಎರಡು ಸಲ ಕಲಿತಳಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಗದರಿಸಿಯೇ ಕೇಳಿದೆ.

“ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನಿಮಗೆ ಈ ಕೆಲಸ ಸಿಕ್ತು. ಅವತ್ತು ಮನೆಗೆ ಓಡಿಬಂದು, ಇನ್ಮೇಲೆ ಬಣ್ಣ ಹಚ್ಚೋದೇ ನನ್ನ ಕೆಲಸ ಕಣೇ ಅಂದ್ರಿ. ಆ ಮುಖ ನೋಡಿದ ಮೇಲೆ ನನ್ನಿಂದ ಆಗಲಿಲ್ಲ.”

ಇಷ್ಟು ದಿನ ನನ್ನನ್ನು ಯಾರೂ ಕೈಹಿಡಿದು ನಡೆಸುತ್ತಿಲ್ಲ ಎಂದುಕೊಂಡಿದ್ದೆ. ಅಷ್ಟು ಹಗುರಾಗಿ ಹಿಡಿದಿದ್ದಳು. ಇಳಿಯುವಾಗ ಅವಳ ಚೀಲ ನಾನೇ ತೆಗೆದುಕೊಂಡೆ.

ಪರದೆ ಒಪ್ಪಿಗೆಯಾಯಿತು. ನನ್ನ ಮೇಜಿನಲ್ಲೇ ಉಳಿಯಿತು. ಮುಂದಿನ ವಾರ ಮೇಡಂ ಕಳಿಸಿದ ವರದಿ ಬಂತು. ಅದರಲ್ಲಿ ಹೀಗಿತ್ತು:

‘ಬಳಕೆದಾರ ಒಂದು. ವಯಸ್ಸು ನಲವತ್ತಾರು. ಕೆಂಪು, ಹಸಿರು ವ್ಯತ್ಯಾಸ ತಿಳಿಯದು. ಆದರೂ ಯಾರೂ ಕೇಳದಿದ್ದಾಗಲೂ ತುಂಬು ವಿಶ್ವಾಸದಿಂದ ಹೇಳುತ್ತಾರೆ. ಬಳಸುತ್ತಿರುವ ಸಹಾಯಕ ಸಾಧನ: ಪತ್ನಿ. ಹದಿನೆಂಟು ವರ್ಷಗಳಿಂದ ಬಳಕೆಯಲ್ಲಿದ್ದರೂ ಬಳಕೆದಾರರ ಗಮನಕ್ಕೇ ಬಂದಿಲ್ಲ. ಉತ್ತಮ ವಿನ್ಯಾಸ ಹೀಗಿರಬೇಕು.’

ಅದನ್ನು ಮನೆಗೆ ತಂದು ಹೆಂಡತಿಗೆ ಓದಲು ಕೊಟ್ಟೆ. ಕಣ್ಣೀರು ಹಾಕುತ್ತಾಳೆ ಎಂದುಕೊಂಡು ಕರವಸ್ತ್ರವನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ. ಅವಳು ನಿಧಾನವಾಗಿ ಎರಡು ಸಲ ಓದಿ, ಕಾಗದ ಮಡಿಚಿ ನನ್ನ ಕೈಗಿಟ್ಟಳು.

“ಯಾರೂ ಕೇಳದಿದ್ದಾಗಲೂ ಹೇಳ್ತಾರೆ ಅನ್ನೋದನ್ನ ಅವರು ಒಂದೇ ದಿನದಲ್ಲಿ ಕಂಡುಹಿಡಿದುಬಿಟ್ಟರಲ್ಲ ರೀ,” ಎಂದಳು. “ನನಗೆ ಎರಡು ವಾರ ಬೇಕಾಯ್ತು.”