ಇಳಿಯದೆ ಏರಬೇಕಾದ ದಿವೆ ಘಾಟು

ಇತಿಹಾಸದ ಹುಚ್ಚು ಕೆಲವರಿಗೆ ಓದಿನಿಂದ ಹತ್ತುತ್ತದೆ, ಕೆಲವರಿಗೆ ಊರಿನ ಅಭಿಮಾನದಿಂದ. ನನಗೆ ಹತ್ತಿದ್ದು ಹೆಂಡತಿಯ ಹರಕೆಯಿಂದ. ಪುಣೆಯಿಂದ ಹಡಪಸರ, ದಿವೆ ಘಾಟು, ಸಾಸವಡ ದಾಟಿ ಜೇಜುರಿಗೆ ಹೋಗುವ ರಾಜ್ಯ ಹೆದ್ದಾರಿಯ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ, ಕೇಳಿದವರಿಗೆ ಅವತ್ತು ಬೇರೆ ಕೆಲಸ ಆಗುವುದಿಲ್ಲ. ಯಾವ ತಿರುವಿನಲ್ಲಿ ಗೇರು ಇಳಿಸಬೇಕು, ಎಲ್ಲಿಂದ ಕೆಳಗಿನ ಮಸ್ತಾನಿ ತಲಾವ್ ಎಂಬ ಕೆರೆ ಚೆನ್ನಾಗಿ ಕಾಣುತ್ತದೆ, ಹಸಿರು ತಲೆಯ ಕಿಲೋಮೀಟರ್ ಕಲ್ಲುಗಳಲ್ಲಿ ಯಾವುದು ಲಾರಿಯ ಏಟಿಗೆ ವಾಲಿಕೊಂಡಿದೆ, ಎಲ್ಲ ನನಗೆ ಬಾಯಿಪಾಠ. ಮದುವೆಯ ತಾರೀಖು ಮಾತ್ರ ಒಮ್ಮೊಮ್ಮೆ ಮರೆಯುತ್ತದೆ.

ನಮ್ಮದು ಬಿಜಾಪುರದ ಕಡೆ, ಮನೆದೇವರು ಮಲ್ಲಯ್ಯ. ಅದೇ ಮಲ್ಲಯ್ಯ ಜೇಜುರಿಯಲ್ಲಿ ಖಂಡೋಬನಾಗಿದ್ದಾನೆ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಪುಣೆಯ ಒಂದು ಬಿಡಿಭಾಗಗಳ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದೆ, ಮರುವರ್ಷ ಶಾಂತಾಳ ಗಂಡನಾದೆ. ಹೊಸ ದಂಪತಿ ಜೇಜುರಿಗೆ ಹೋಗಬೇಕು, ಗಂಡ ಹೆಂಡತಿಯನ್ನು ಎತ್ತಿಕೊಂಡು ಒಂದಿಷ್ಟು ಮೆಟ್ಟಿಲಾದರೂ ಏರಬೇಕು ಎಂಬುದು ಅಲ್ಲಿಯ ಪದ್ಧತಿ. ಅದಕ್ಕಾಗಿ ನಾನು ಬಾಡಿಗೆ ಕೋಣೆಯಲ್ಲಿ ಜೋಳದ ಚೀಲ ಎತ್ತಿ ಅಭ್ಯಾಸವನ್ನೂ ಮಾಡಿದ್ದೆ. ಮೇ ತಿಂಗಳ ಬಿಸಿಲಿನಲ್ಲಿ ಕೆಂಪು ಎಸ್‌ಟಿ ಬಸ್ಸು ಹತ್ತಿ ಹೊರಟೆವು. ದಿವೆ ಘಾಟಿನ ನಡುವೆ ಬಸ್ಸು ಹೊಗೆ ಬಿಟ್ಟು ನಿಂತಿತು. ಗಂಡಸರೆಲ್ಲ ಇಳಿದು ನೂಕಿ, ಹೆಂಗಸರೆಲ್ಲ ನಡೆದು ಮೇಲೆ ಬನ್ನಿ ಎಂದು ಕಂಡಕ್ಟರ್ ಅಪ್ಪಣೆ ಮಾಡಿದ. ನಾನು ಬೆವರು ಸುರಿಸಿ ಬಸ್ಸು ನೂಕುತ್ತಿದ್ದರೆ, ಹೊಸ ಇಳಕಲ್ ಸೀರೆಯ ಸೆರಗನ್ನು ತಲೆ ಮೇಲೆ ಹೊದ್ದ ಶಾಂತಾ ಕಾದ ಡಾಂಬರಿನ ಅಂಚಿನಲ್ಲಿ, ಉಳಿದ ಹೆಂಗಸರಿಗಿಂತ ಹಿಂದೆ, ಒಬ್ಬಳೇ ನಡೆಯುತ್ತಿದ್ದಳು. ಅವಳ ಕೆಂಪಾದ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಘಾಟಿನ ತುದಿಯಲ್ಲಿ ಅವಳು ಜೇಜುರಿಯ ದಿಕ್ಕಿಗೆ ಕೈ ಮುಗಿದು ಹೇಳಿದಳು: "ಮಲ್ಲಯ್ಯ, ನಮಗೊಂದು ಸ್ವಂತ ಗಾಡಿ ಕೊಡು. ಅದರ ಮ್ಯಾಲೆ ಕೂತು ಇದಽ ಘಾಟ ಹತ್ತಿ ಬರ್ತೀನಿ. ನಡುವ ಎಲ್ಲೂ ಇಳಿಯೂದಿಲ್ಲ."

ಮಲ್ಲಯ್ಯ ತಡಮಾಡದೆ ಕೊಟ್ಟ. ಒಬ್ಬರು ಬಳಸಿ ಬಿಟ್ಟ ಸ್ಕೂಟರ್ ಅಗ್ಗಕ್ಕೆ ಸಿಕ್ಕಿತು. ಬೆಳಿಗ್ಗೆ ಅದನ್ನು ಎಡಕ್ಕೆ ಬಾಗಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ಆಮೇಲೆ ಒದ್ದರೆ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಆ ಕಾಲದ ಪುಣೆಯಲ್ಲಿ ಸ್ಕೂಟರ್ ಇದ್ದ ಸಂಸಾರಗಳಿಗೆಲ್ಲ ಒಂದು ಅಲಿಖಿತ ನಿಯಮವಿತ್ತು. ಘಾಟು ಬಂದೊಡನೆ ಯಾರೂ ಹೇಳದೆಯೇ ಹೆಂಡತಿ ಇಳಿಯುವುದು, ಗಂಡ ಒಬ್ಬನೇ ಮುಂದಿನ ತಿರುವಿನವರೆಗೆ ಹೋಗಿ ಇಂಜಿನ್ ಆರಿಸಿ ಕಾಯುವುದು. ಕಾತ್ರಜ್ ಘಾಟಿನಲ್ಲಾಗಲಿ ದಿವೆ ಘಾಟಿನಲ್ಲಾಗಲಿ, ಭಾನುವಾರ ಪರ್ಸು ಹಿಡಿದು ಏದುಸಿರು ಬಿಡುತ್ತಾ ಹತ್ತುವ ಹೆಂಡತಿಯರ ಸಾಲೇ ಕಾಣುತ್ತಿತ್ತು. ಯಾವ ಗಂಡನೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ನನ್ನ ಹೆಂಡತಿ ಮಾತ್ರ ದೇವರಿಗೆ ಮಾತು ಕೊಟ್ಟುಬಿಟ್ಟಿದ್ದಳು.

ಮೊದಲ ಪ್ರಯತ್ನದಲ್ಲಿ ನಮ್ಮ ಸ್ಕೂಟರ್ ಘಾಟಿನ ಕಾಲು ಭಾಗ ಏರಿ, ಮುದುಕನ ಹಾಗೆ ಕೆಮ್ಮಿ, ಹಿಂದಕ್ಕೆ ಜಾರತೊಡಗಿತು. ಶಾಂತಾ ಇಳಿಯಲೇಬೇಕಾಯಿತು. ಇಳಿದವಳು ತುಟಿ ಬಿಗಿದು, "ತಿರುಗಸ್ರಿ ಗಾಡಿ. ಹರಕಿ ಮುರೀತು, ಇನ್ನ ಮ್ಯಾಲೆ ಹೋಗಿ ಏನ್ ಮಾಡೂದದ?" ಎಂದಳು. ಇಳಿಜಾರಿನಲ್ಲಿ ಆ ಸ್ಕೂಟರ್ ಎಷ್ಟು ಚೆಂದ ಓಡಿತೆಂದರೆ ನನಗೆ ಅದರ ಕತ್ತು ಹಿಸುಕಬೇಕೆನ್ನಿಸಿತು. ಮರುದಿನ ಮೆಕ್ಯಾನಿಕ್ ಅದನ್ನು ಬಿಚ್ಚಿ, ಮುಚ್ಚಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, "ಸಾಹೇಬ್, ಇಂಜಿನ್ ಬರಾಬರ್ ಆಹೇ. ವಜನ್ ಜಾಸ್ತ್ ಹೋತಂಯ್" ಎಂದ. ತೂಕ ಹೆಚ್ಚಾಗುತ್ತಿದೆ ಎಂಬ ಈ ಮಾತನ್ನು ನಾನು ಶಾಂತಾಳ ಕುರಿತದ್ದೆಂದೇ ತಿಳಿದು, ಗಂಡನ ಘನತೆಯಿಂದ ಮನೆಯಲ್ಲಿ ಹೇಳದೆ ನುಂಗಿಕೊಂಡೆ.

ದೋಷ ಸ್ಕೂಟರಿನದಲ್ಲ, ಹೆಂಡತಿಯದೂ ಅನ್ನುವ ಹಾಗಿಲ್ಲ. ಅಂದ ಮೇಲೆ ಉಳಿದದ್ದು ರಸ್ತೆ. ಹೀಗೆ ನನ್ನ ಸಂಶೋಧನೆ ಶುರುವಾಯಿತು. ಭಾನುವಾರ ಭಾನುವಾರ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಏರುಗಳನ್ನು ಅಭ್ಯಾಸ ಮಾಡಿದೆ. ಬೋಪದೇವ ಘಾಟಿನ ದಾರಿ ನೋಡಿದೆ, ಅದು ಇದಕ್ಕಿಂತ ಕಡಿದು. ಕೊನೆಗೆ ಒಂದು ಉಪಾಯ ಹೊಳೆಯಿತು. ಸೋಲಾಪುರ ರಸ್ತೆಯಲ್ಲಿ ದೂರ ಹೋಗಿ, ಚೌಫುಲಾದಲ್ಲಿ ಬಲಕ್ಕೆ ತಿರುಗಿದರೆ, ಮೋರಗಾವ್ ಮೇಲಿಂದ ಘಾಟಿನ ಕಾಟವೇ ಇಲ್ಲದೆ ಜೇಜುರಿ ಸೇರಬಹುದು. ಸಂಭ್ರಮದಿಂದ ಹೇಳಿದರೆ ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಅಲ್ರಿ, ದೇವರ ಮನಿಗೆ ಹಿತ್ತಲ ಬಾಗಲಿಂದ ಹೋಗೂದೇನು? ನಾ ಮಾತು ಕೊಟ್ಟದ್ದು ದಿವೆ ಘಾಟಿನ್ಯಾಗ." ಅಲ್ಲಿಗೆ ಆ ಹೆದ್ದಾರಿಯ ಬಾಗಿಲು ಮುಚ್ಚಿತು.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಜೋಶಿಯವರು ಅಪ್ಪಟ ಪುಣೇಕರ. ಅಂದರೆ ತಿಳಿದದ್ದನ್ನು ಖಚಿತವಾಗಿಯೂ, ತಿಳಿಯದ್ದನ್ನು ಇನ್ನೂ ಖಚಿತವಾಗಿಯೂ ಹೇಳುವವರು. ಅವರ ಪ್ರಕಾರ ಆ ದಾರಿ ಮೊದಲು ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳ ಕಾಲಿನಿಂದ ಸವೆದದ್ದು, ಆಮೇಲೆ ಪೇಶ್ವೆಯರ ಕುದುರೆಗಳು ಅಗಲ ಮಾಡಿದವು, ಆಮೇಲೆ ಇಂಗ್ಲಿಷರು ಬಂದು ಅಳತೆಪಟ್ಟಿ ಹಿಡಿದರು. ಯಾವ ತಿರುವನ್ನು ಯಾರು ಮಾಡಿದರು ಎಂದು ಕೇಳಿದರೆ, "ಅಹೋ, ತಿರುವಿನ ಜಗಳ ನಿಮಗ್ಯಾಕೆ? ದಾರಿ ಯಾವತ್ತೂ ಹತ್ತುವವನಿಗೆ ಕಷ್ಟವೇ" ಎಂದು ಮರಾಠಿಯಲ್ಲಿ ನನ್ನ ಬಾಯಿ ಮುಚ್ಚಿಸಿದರು. ಆದರೆ ಒಂದು ವಿಷಯ ಮಾತ್ರ ನನ್ನ ತಲೆಗೆ ಹತ್ತಿತು. ಆಷಾಢದಲ್ಲಿ ಸಂತರ ಪಾದುಕೆ ಹೊತ್ತ ಆಳಂದಿಯ ಪಾಲಕಿ ಪಂಢರಪುರಕ್ಕೆ ಹೋಗುವುದು ಇದೇ ಘಾಟಿನಿಂದ. ಏರು ಬಂದಾಗ ಪಾಲಕಿ ಇಟ್ಟ ರಥಕ್ಕೆ ಎಂದಿನ ಎತ್ತುಗಳು ಸಾಲದೆ, ಮುಂದೆ ಇನ್ನಷ್ಟು ಜೋಡಿ ಹೂಡುತ್ತಾರೆ. ಸಂತರ ರಥಕ್ಕೇ ಹೆಚ್ಚಿನ ಎತ್ತು ಬೇಕಾದರೆ ಗುಮಾಸ್ತನ ಸ್ಕೂಟರಿಗೆ ಯಾಕೆ ಬೇಡ? ನಾನು ಜೋಶಿಯವರತ್ತ ನೋಡಿದೆ. ಅವರ ಹತ್ತಿರ ಹೊಸ ಸ್ಕೂಟರ್ ಇತ್ತು.

ಕೆಟ್ಟು ನಿಂತ ಗಾಡಿಯ ಹಿಂದೆ ಇನ್ನೊಬ್ಬ ಗಾಡಿಯವನು ಬಂದು, ಕಾಲು ಚಾಚಿ ಅದನ್ನು ತಳ್ಳುತ್ತಾ ಪೆಟ್ರೋಲ್ ಬಂಕಿನವರೆಗೆ ಮುಟ್ಟಿಸುವ ಉಪಕಾರವನ್ನು ಪುಣೆಯ ಬೀದಿಯಲ್ಲಿ ದಿನವೂ ನೋಡಬಹುದು. ಅದನ್ನು ಘಾಟಿನಲ್ಲಿ ಮಾಡಿದವರು ಮಾತ್ರ ಬಹುಶಃ ನಾವೇ. ಜೋಶಿಯವರು ಬಲಗಾಲನ್ನು ನಮ್ಮ ಸ್ಕೂಟರಿಗೆ ಒತ್ತಿ, ಮುಖವನ್ನು ಘಾಟಿನ ಮೇಲಿನ ದಿವೆ ಗ್ರಾಮದ ಕಡೆಗಿಟ್ಟು ಹೊರಟರು. ಈ ಸಲ ಅರ್ಧ ಘಾಟು ದಾಟಿದೆವು. ಹಿಂದೆ ಕೂತ ಶಾಂತಾ ಮೆಲ್ಲಗೆ "ಏಳಕೋಟಿ, ಏಳಕೋಟಿ" ಎಂದು ಮಲ್ಲಯ್ಯನನ್ನು ಕರೆಯತೊಡಗಿದ್ದಳು. ಅಷ್ಟರಲ್ಲಿ ಎದುರಿನಿಂದ ಕಬ್ಬಿನ ಲಾರಿ ಬಂತು. ಜೋಶಿಯವರ ಕಾಲು ಒಂದು ಕಡೆ, ಚಪ್ಪಲಿ ಒಂದು ಕಡೆ ಆಯಿತು. ನಮ್ಮ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಆ ಚಪ್ಪಲಿ ಮಸ್ತಾನಿ ತಲಾವಿನ ದಿಕ್ಕಿಗೆ ಉರುಳಿಹೋದದ್ದನ್ನು ಅವರು ನಿವೃತ್ತರಾಗುವವರೆಗೂ ಆಫೀಸಿನಲ್ಲಿ ಹೇಳುತ್ತಿದ್ದರು. ಅದೂ ಆ ರಸ್ತೆಯ ಇತಿಹಾಸಕ್ಕೆ ಸೇರಿದ್ದೇ.

ಹೀಗೆಯೇ ವರ್ಷಗಳು ಕಳೆದವು. ಹರಕೆ ತೀರದ ಮನೆಯಲ್ಲಿ ಹಾಲು ಉಕ್ಕಿದರೂ, ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದರೂ ಕಾರಣ ಮಲ್ಲಯ್ಯನೇ. "ನೀವು ಮನಸ್ಸು ಮಾಡವಲ್ರಿ" ಎಂದು ಶಾಂತಾ ನಿಟ್ಟುಸಿರು ಬಿಡುವಳು. ನಾನಾದರೋ ಹಠ ಬಿಟ್ಟವನೇ ಅಲ್ಲ. ಕಾರ್ಬೊರೇಟರ್ ಬದಲಿಸಿದೆ, ಸ್ಟೆಪ್ನಿ ಬಿಚ್ಚಿಟ್ಟೆ, ಹೊರಡುವ ದಿನ ಶಾಂತಾ ಬುತ್ತಿ ಕಟ್ಟದಂತೆ ನೋಡಿಕೊಂಡೆ. ಘಾಟು ಸೋಲಲಿಲ್ಲ, ನಾನೂ ಸೋಲಲಿಲ್ಲ. ಹೊಸ ಶತಮಾನ ಬಂತು, ಹಳೆಯ ಸ್ಕೂಟರ್ ಗುಜರಿಗೆ ಹೋಯಿತು, ಗೇರಿಲ್ಲದ ಸಣ್ಣ ಗಾಡಿ ಮನೆಗೆ ಬಂತು. ಶಾಂತಾ ಪುಣೆಯ ಇತರ ಹೆಂಗಸರಂತೆ ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು, ಕಣ್ಣು ಮಾತ್ರ ಬಿಟ್ಟು, ತರಕಾರಿ ಮಂಡಿಯವರೆಗೆ ಗಾಡಿ ಓಡಿಸತೊಡಗಿದಳು.

ಒಂದು ಭಾನುವಾರ ಬೆಳಿಗ್ಗೆ ನಾನು ಮತ್ತೆ ಸಿದ್ಧನಾದೆ. ಘಾಟಿನ ಬುಡದ ವಡಕಿ ಹಳ್ಳಿ ತಲುಪಿ ಗಾಡಿ ನಿಲ್ಲಿಸಿ, ಹಿಂದೆ ಕೂತವಳಿಗೆ ನನ್ನ ಹೊಸ ಯೋಜನೆ ವಿವರಿಸಿದೆ: ಮೊದಲ ತಿರುವನ್ನು ವೇಗವಾಗಿ ತೆಗೆದುಕೊಳ್ಳಬೇಕು, ಎರಡನೆಯದರಲ್ಲಿ ಮುಂದಕ್ಕೆ ಬಾಗಬೇಕು, ಮಾತಾಡಬಾರದು. ಶಾಂತಾ ಎಲ್ಲ ಕೇಳಿಸಿಕೊಂಡು ನನ್ನ ಬೆನ್ನು ತಟ್ಟಿದಳು.

"ಇಳೀರಿ" ಎಂದಳು.

"ಯಾಕ?"

"ಹರಕಿ ಯಾರದು?"

"ನಿಂದು."

"ಇಳಿಯೂದಿಲ್ಲ ಅಂತ ಮಲ್ಲಯ್ಯಗ ಮಾತು ಕೊಟ್ಟಾಕಿ ನಾನು. ನೀವು ಯಾರಿಗೆ ಕೊಟ್ಟೀರಿ?"

ಇಷ್ಟು ವರ್ಷದ ಸಂಶೋಧನೆಯಲ್ಲಿ ಈ ಪ್ರಶ್ನೆ ನನಗೆ ಎದುರಾಗಿಯೇ ಇರಲಿಲ್ಲ. ನಾನು ಇಳಿದೆ. ಅವಳು ಕಾಲು ನೆಲಕ್ಕೂರದೆ ಹಾಗೇ ಮುಂದಕ್ಕೆ ಸರಿದು, ಓಢಣಿ ಬಿಗಿದುಕೊಂಡು, "ನಿಧಾನ ಬರ್ರಿ, ಬಿಸಲು ಭಾಳ ಅದ" ಎಂದು ಹೊರಟೇಬಿಟ್ಟಳು. ಗಾಡಿ ಒಂದೇ ಒಂದು ಸಲವೂ ಕೆಮ್ಮಲಿಲ್ಲ. ವಾಲಿದ ಕಲ್ಲಿನ ಪಕ್ಕ ಅವಳು ತಿರುವು ದಾಟಿ ಮರೆಯಾದಾಗ, ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದು ನನಗೆ ಕಣ್ಣು ಮಂಜಾಯಿತು. ಆಮೇಲೆ ಪರ್ಸು ಹಿಡಿಯದ ಹೆಂಡತಿಯಂತೆ ನಾನು ಘಾಟು ಹತ್ತತೊಡಗಿದೆ. ಮೂರನೆಯ ತಿರುವಿನಲ್ಲಿ ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತಾಗ, ಆ ಮೆಕ್ಯಾನಿಕ್ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ್ದು ನೆನಪಾಯಿತು.

ತುದಿ ಮುಟ್ಟಿದಾಗ ಶಾಂತಾ ಇನ್ನೂ ಗಾಡಿಯ ಮೇಲೆಯೇ ಕೂತಿದ್ದಳು. ಅಂಜೂರ ಮಾರುವವಳೇ ಬುಟ್ಟಿ ಹೊತ್ತು ಅವಳ ಬಳಿಗೆ ಬಂದಿದ್ದಳು. ಶಾಂತಾ ಒಂದು ಹಣ್ಣು ನನ್ನ ಕೈಗಿಟ್ಟು, "ಹತ್ರಿ" ಎಂದಳು. ಹಿಂದೆ ಕೂತೆ. ಸಾಸವಡದ ಕಡೆಗೆ ಹೊರಟೊಡನೆ ತಂಪು ಗಾಳಿ ಬೀಸತೊಡಗಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ, "ನೋಡು, ಈ ದಾರಿ ಮೊದಲು ವಾರಕರಿಗಳ ಕಾಲಿನಿಂದ..." ಎಂದು ಶುರು ಮಾಡಿದೆ.

"ಸುಮ್ಮ ಕೂಡ್ರಿ" ಎಂದಳು ಶಾಂತಾ, ತಿರುಗಿಯೂ ನೋಡದೆ. "ಮುಂದ ಸಣ್ಣ ಏರು ಅದ. ಮತ್ತ ಇಳಸ್ತೀನಿ."

ಆ ಏರು ನನಗೆ ಗೊತ್ತಿದ್ದದ್ದೇ. ಜೇಜುರಿ ಬರುವವರೆಗೂ ನಾನು ತುಟಿ ಬಿಚ್ಚಲಿಲ್ಲ.