ಬಿದ್ದ ಚೆಂಡು ಬಿದ್ದಲ್ಲೇ

ನಾನು ಸಲೀಸಾಗಿ ನಗುವವನಲ್ಲ. ಆದರೆ ಗಾಲ್ಫ್ ಆಡಿ ಜೀವನ ಮಾಡುವ ಮನುಷ್ಯ ಹೊಳೆನರಸೀಪುರದಲ್ಲಿ ಮನೆ ಮಾಡಿಕೊಂಡಿದ್ದರೆ ನಗುವಂಥದ್ದು ಏನಾದರೊಂದು ನಡೆದೇ ತೀರುತ್ತದೆ. ತಪ್ಪು ಆಟದ್ದಲ್ಲ, ಊರಿನದೂ ಅಲ್ಲ. ಗಾಲ್ಫಿನಲ್ಲಿ ನೋಡುವವರು ಆಟಗಾರನಿಗೆ ಸಹಾಯ ಮಾಡುವಂತಿಲ್ಲ. ನಮ್ಮ ಕಡೆಯವರಿಗೆ ಸಹಾಯ ಮಾಡದೆ ನಿಂತು ನೋಡಿ ಗೊತ್ತಿಲ್ಲ.

ನನ್ನ ತಂದೆಗೆ ಪೇಟೆಯಲ್ಲಿ ಅಕ್ಕಿ ಮಿಲ್ಲು ಇದೆ. ಮಿಲ್ಲಿನ ಬೀಗದ ಕೈ ಗೊಂಚಲು ಸದಾ ಅವರ ಕೈಯಲ್ಲೇ. ಅವರು ಬರುವ ಮೊದಲು ಅದರ ಝಣಝಣ ಬರುತ್ತದೆ. ನಾನು ವೃತ್ತಿಪರ ಆಟಗಾರನಾಗಿ ನಾಲ್ಕನೆಯವನು, ಏಳನೆಯವನು ಎಂದೆಲ್ಲ ಬಂದಿದ್ದೆ, ಗೆದ್ದಿರಲಿಲ್ಲ. ಒಂದು ದಿನ ಅಪ್ಪ ಗೊಂಚಲನ್ನು ನನ್ನ ಮೂಗಿನ ಮುಂದೆ ಹಿಡಿದು, "ಆಡ್ಕಂಡಿರೋದು ಒಂದ್ ಕಸುಬಾ? ಬರೋ ಯುಗಾದಿಯೊಳಗೆ ಒಂದ್ ಕಪ್ಪು ಗೆದ್ಕಂಡ್ ಬಾ. ಇಲ್ದಿದ್ರೆ ಇದ್ನ ಇಸ್ಕಂಡು ಮಿಲ್ಲಲ್ಲಿ ಕೂತ್ಕೊ" ಎಂದರು.

ನಾನು ಒಪ್ಪಿದೆ. ಗಡುವು ಎಂದರೆ ಗಡುವು.

ಗದ್ದೆಯ ಮೈದಾನ

ಆಟ ಕಲಿತದ್ದು ಮೈಸೂರಿನಲ್ಲಿ, ಇಂಗ್ಲಿಷ್ ಮೀಡಿಯಂ ಶಾಲೆಯ ಹಾಸ್ಟೆಲ್ಲಿನಲ್ಲಿದ್ದಾಗ. ಊರಿಗೆ ಬಂದರೆ ಅಭ್ಯಾಸಕ್ಕೆ ಮೈದಾನವಿಲ್ಲ. ಭತ್ತ ಕೊಯ್ದ ಮೇಲೆ ನಮ್ಮ ಗದ್ದೆಯೇ ಮೈದಾನ. ದೂರದಲ್ಲಿ ಒಂದು ಕೋಲಿಗೆ ಟವೆಲ್ಲು ಕಟ್ಟಿ, ಅದರ ಕಡೆಗೆ ಬುಟ್ಟಿ ತುಂಬ ಚೆಂಡು ಹೊಡೆಯುವುದು, ಆಮೇಲೆ ನಡೆದು ಹೋಗಿ ಯಾವ ಚೆಂಡು ಎಷ್ಟು ದೂರ, ಎಷ್ಟು ವಾರೆ ಬಿದ್ದಿದೆ ಎಂದು ಪರೀಕ್ಷಿಸುವುದು.

ಒಂದು ಬೆಳಿಗ್ಗೆ ಹಾಗೆ ಹೊಡೆದು ಮುಗಿಸಿ ತಲೆ ಎತ್ತುತ್ತೇನೆ, ಗದ್ದೆಯಲ್ಲಿ ಒಂದು ಚೆಂಡೂ ಇಲ್ಲ! ಅರಕಲಗೂಡಿನಿಂದ ಬಂದಿದ್ದ ಸೋದರಮಾವ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ಬರುತ್ತಿದ್ದಾರೆ.

"ತಗಳಪ್ಪ ಅಳಿಯ, ಒಂದೂ ಬಿಟ್ಟಿಲ್ಲ" ಎಂದು ಚೀಲವನ್ನು ನನ್ನ ಕಾಲ ಹತ್ತಿರ ಸುರಿದರು.

ನಾನು ತಾಳ್ಮೆಯಿಂದಲೇ ಹೇಳಿದೆ. "ಮಾವ, ಈ ಆಟದ ಬುನಾದಿಯೇ ಅದು. ಬಿದ್ದ ಚೆಂಡನ್ನ ಬಿದ್ದಲ್ಲೇ ಬಿಡಬೇಕು. ಯಾರೂ ಮುಟ್ಟಬಾರದು."

ಮಾವನ ಮುಖ ಸಣ್ಣದಾಯಿತು.

"ಬಿದ್ದಲ್ಲೇ ಬಿಡಾಕೆ ಅದೇನ್ ಅನಾಥ್ವೇನ್ಲಾ? ನಾವೆಲ್ಲ ಇಲ್ವಾ?"

ಕೋಲಿನ ಟೋಪಿ

ಕಾರು ರಿಪೇರಿಗೆ ಬಿಟ್ಟಿದ್ದೆ. ಚಳಿಗಾಲದ ಬೆಳಗು, ಒಂದು ಪಂದ್ಯಕ್ಕೆ ಹೊರಟು ಹಾಸನದಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಜೊತೆಗೆ ನನ್ನ ಎದೆಮಟ್ಟದ ಗಾಲ್ಫ್ ಬ್ಯಾಗು.

"ಇದೇನ್ ಸಾ, ಬೋರ್‌ವೆಲ್ ಪೈಪಾ?" ಎಂದ ಕಂಡಕ್ಟರ್.

"ಅಲ್ಲ. ಇದಕ್ಕೆ ಲಗೇಜ್ ಟಿಕೆಟ್ ಕೊಡಿ."

"ಬ್ಯಾಡ ಬುಡಿ ಸಾ."

"ಕೊಡಬೇಕು. ನಿಯಮ ಇದೆ."

ಕಂಡಕ್ಟರ್ ಟಿಕೆಟ್ ಕೊಟ್ಟ. ಕೊಟ್ಟವನು ಡ್ರೈವರ್ ಹತ್ತಿರ ಹೋಗಿ, "ಯಾರೋ ಚೆಕಿಂಗ್‌ನೋರು ಕಣಣ್ಣಾ, ಉಸಾರು" ಎಂದು ಪಿಸುಗುಟ್ಟಿದ. ಚನ್ನರಾಯಪಟ್ಟಣದವರೆಗೆ ಬಸ್ಸು ಅಷ್ಟು ಮರ್ಯಾದೆಯಿಂದ ಓಡಿದ್ದನ್ನು ನಾನು ಬೇರೆಂದೂ ಕಂಡಿಲ್ಲ.

ನನ್ನ ಪಕ್ಕ ಒಬ್ಬ ಅಜ್ಜಿ ಕುಳಿತಿತ್ತು. ಶ್ರವಣಬೆಳಗೊಳಕ್ಕೆ ಹೊರಟಿತ್ತಂತೆ. ಬ್ಯಾಗಿನಿಂದ ತಲೆ ಹೊರಗೆ ಹಾಕಿದ್ದ, ಚೆಂಡು ಹೊಡೆಯುವ ದೊಡ್ಡ ಕೋಲಿಗೆ, ಅದಕ್ಕೆ ಪೆಟ್ಟಾಗದಿರಲೆಂದು, ಉಣ್ಣೆಯ ಗವಸು ಹಾಕಿದ್ದೆ. ಅಜ್ಜಿ ಅದನ್ನೊಮ್ಮೆ ನೋಡಿತು, ನಡುಗುತ್ತಿದ್ದ ನನ್ನನ್ನೊಮ್ಮೆ ನೋಡಿತು. ಕೊನೆಗೆ ತಡೆಯಲಾಗಲಿಲ್ಲ.

"ಅಲ್ಲ ಕಣಪ್ಪ, ಕೋಲ್ಗೆ ಟೋಪಿ ಆಕಿ ನೀನ್ ಬರೀ ತಲೇಲ್ ಬಂದಿದ್ದೀಯಲ್ಲ! ಬಿಚ್ಚಿ ಆಕಳಪ್ಪ. ಕೋಲ್ಗೆ ಸೀತ ಆದ್ರೆ ನಾನ್ ನೋಡ್ಕತೀನಿ."

ಹೆಣ್ಣು ನೋಡಿದ್ದು

ಇನ್ನೊಂದು ದಿನ ಮಾವನನ್ನೂ ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿಯ ತಂದೆ ನಿವೃತ್ತ ಮೇಷ್ಟ್ರು.

"ಏನು ಕೆಲಸ ಮಾಡ್ತೀರಿ?"

"ಗಾಲ್ಫ್ ಆಡ್ತೀನಿ."

"ಸಂತೋಷ. ಕೆಲಸ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಸಹಾಯಕ್ಕೆ ಬಂದರು. "ಎಕರೆಗಟ್ಲೆ ಹುಲ್ಲುಗಾವ್ಲು ಸಾ! ಬೆಳಗಿಂದ ಸಂಜೆಗಂಟ ಅದ್ರಾಗೇ ಓಡಾಡ್ಕಂಡ್ ಇರ್ತಾನೆ."

ಮೇಷ್ಟ್ರ ಕಣ್ಣು ಅರಳಿತು. "ಹಾಗಾದ್ರೆ ದನ ಎಷ್ಟಿವೆ?"

"ಹುಲ್ಲುಗಾವಲು ನನ್ನದಲ್ಲ" ಎಂದೆ. "ದನವೂ ಇಲ್ಲ. ಇಷ್ಟು ದಿನ ಆಡಿ ಒಂದು ಕಪ್ಪೂ ಗೆದ್ದಿಲ್ಲ. ಯುಗಾದಿಯೊಳಗೆ ಗೆಲ್ಲದಿದ್ದರೆ ಆಟ ಬಿಟ್ಟು ಮಿಲ್ಲಿನಲ್ಲಿ ಕೂರಬೇಕು."

ಮಾವ ನನ್ನ ಕಾಲು ತುಳಿದರು. ಆಗ ಹುಡುಗಿಯೇ ಕೇಳಿದಳು.

"ನಿಮ್ಮ ಆಟದಲ್ಲಿ ಅಂಪೈರ್ ಪಕ್ಕದಲ್ಲೇ ಇರ್ತಾರಾ?"

"ಸಾಮಾನ್ಯವಾಗಿ ಇರೋದಿಲ್ಲ."

"ಮತ್ತೆ ನೀವು ತಪ್ಪು ಮಾಡಿದ್ರೆ?"

"ನಾನೇ ಹೇಳಬೇಕು. ಯಾರೂ ನೋಡದಿದ್ದರೂ ಹೇಳಬೇಕು. ಅದೇ ಪದ್ಧತಿ."

ಅವಳು ತಂದೆಯ ಕಡೆ ತಿರುಗಿದಳು. "ಅಪ್ಪಾ, ನಂಗೆ ಒಪ್ಪಿಗೆ. ತನ್ನ ತಪ್ಪನ್ನ ತಾನೇ ಬಾಯಿಬಿಟ್ಟು ಹೇಳೋ ಗಂಡಸು ಈ ಜಿಲ್ಲೇಲಿ ಇನ್ನೊಬ್ಬ ಸಿಗಲ್ಲ."

ಸುಮ್ನಿರಿ!

ಮದುವೆಯಾಯಿತು, ಕಪ್ಪು ಮಾತ್ರ ಬರಲಿಲ್ಲ. ಯುಗಾದಿಗೆ ಮುಂಚಿನ ಕೊನೆಯ ಪಂದ್ಯ ಮೈಸೂರಿನಲ್ಲಿ. ಕೊನೆಯ ದಿನ ನಾನು ಮುಂದಿದ್ದೇನೆ ಎಂಬ ಸುದ್ದಿ ಊರಿಗೆ ಮುಟ್ಟಿ, ಮಾವ ಎರಡು ಟೆಂಪೋ ಜನ ತುಂಬಿಕೊಂಡು ಬಂದುಬಿಟ್ಟರು. ಅಪ್ಪನೂ ಬಂದಿದ್ದರು, ಗರಿಗರಿ ಪಂಚೆ ಉಟ್ಟು. ಬೀಗದ ಕೈ ಗೊಂಚಲೂ ಬಂದಿತ್ತು. ಸೋತರೆ ಅಲ್ಲೇ ಕೊಡಲಿಕ್ಕಿರಬೇಕು.

ಆಟಗಾರ ಚೆಂಡು ಹೊಡೆಯುವಾಗ ಯಾರೂ ಉಸಿರೆತ್ತಬಾರದು. ಅದಕ್ಕೆಂದು ಒಬ್ಬ 'ನಿಶ್ಶಬ್ದ' ಎಂದು ಬರೆದ ಬೋರ್ಡು ಎತ್ತಿ ಹಿಡಿಯುತ್ತಾನೆ. ಆ ಬಡಪಾಯಿಯೊಬ್ಬನೇ ಕಷ್ಟಪಡುವುದು ಮಾವನಿಗೆ ಸರಿಕಾಣಲಿಲ್ಲ. ನಾನು ಕೋಲು ಎತ್ತಿದ್ದೇನೆ, ಇಡೀ ಮೈದಾನ ಸ್ತಬ್ಧವಾಗಿದೆ.

"ಏ! ಯಾರೂ ಸದ್ದು ಮಾಡ್ಬ್ಯಾಡ್ರಲಾ! ನಮ್ಮಳಿಯ ಒಡೀತಾವ್ನೆ!"

ಚೆಂಡು ಮರಳಿನ ಗುಂಡಿಗೆ ಬಿತ್ತು. ಮಾವ ಪಕ್ಕದವರನ್ನು ದುರುಗುಟ್ಟಿ ನೋಡಿದರು. "ನೋಡ್ರಲಾ, ನಾನ್ ಏಳ್ದೇ ಇದ್ದಿದ್ರೆ ಇನ್ನೂ ಆಚೆಗೋಗ್ತಿತ್ತು."

ಮರದ ಬುಡ

ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಸೇರಿಸಿದವನೇ ಗೆದ್ದವನು. ಕೊನೆಯ ಗುಳಿ ಉಳಿದಿತ್ತು. ಜೊತೆಯ ಆಟಗಾರನಿಗಿಂತ ನಾನು ಒಂದೇ ಹೊಡೆತ ಮುಂದಿದ್ದೆ.

ಮೊದಲ ಹೊಡೆತ ಬಲಕ್ಕೆ ತಿರುಗಿ ಮರಗಳ ಗುಂಪಿಗೆ ಹೋಯಿತು. ನಮ್ಮೂರ ಜನವೆಲ್ಲ ಆ ಕಡೆಗೇ ಓಡಿದರು. ನಾನು ನಡೆದು ಹೋಗಿ ನೋಡಿದರೆ, ಚೆಂಡು ಮರಗಳಿಂದ ಆಚೆ, ನುಣುಪು ಹುಲ್ಲಿನ ಮೇಲೆ, ಬಾವುಟಕ್ಕೆ ಎದುರಾಗಿ ಕುಳಿತಿದೆ! ನನ್ನ ಹೊಡೆತ ನನಗೆ ಗೊತ್ತಿಲ್ಲವೇ? ಅದಕ್ಕೆ ಅಷ್ಟು ಒಳ್ಳೆಯ ಜಾಗದ ಯೋಗ್ಯತೆ ಇರಲಿಲ್ಲ.

ಪಕ್ಕದಲ್ಲಿ ಮಾವ ಕೈಕಟ್ಟಿಕೊಂಡು ಆಕಾಶ ನೋಡುತ್ತಿದ್ದರು. ಅವರ ಹಿಂದೆ ಅಪ್ಪ ಪಂಚೆಯ ಅಂಚಿಗೆ ಮೆತ್ತಿದ್ದ ಮಣ್ಣು ಕೊಡವುತ್ತಿದ್ದರು.

"ಮಾವ, ಚೆಂಡು ಎಲ್ಲಿತ್ತು?"

"ಇಲ್ಲೇ."

"ಮಾವ."

ಅವರು ಒಮ್ಮೆ ಹಿಂದಕ್ಕೆ ನೋಡಿ, ದನಿ ತಗ್ಗಿಸಿದರು. "ಆ ಮರದ ಬುಡದಾಗೆ, ಬೇರಿನ್ ಸಂದೀಲಿ ಸಿಕ್ಕಂಡಿತ್ತು. ನಾನೇ ಎತ್ತಿಟ್ಟೆ ಅನ್ಕೊ. ಯಾರೂ ನೋಡಿಲ್ಲ, ಒಡಿ ನೀನು!"

ನಾನು ಕೈ ಎತ್ತಿ ಪಂದ್ಯದ ಅಧಿಕಾರಿಯನ್ನು ಕರೆದೆ. ನೋಡಲು ಬಂದವರು ಎತ್ತಿಟ್ಟರೆ ಆಟಗಾರನಿಗೆ ದಂಡವಿಲ್ಲ. ಚೆಂಡು ಮಾತ್ರ ಇದ್ದಲ್ಲಿಗೇ ಹೋಗಬೇಕು. ಹೋಯಿತು, ಬೇರಿನ ಸಂದಿಗೆ.

"ಅಯ್ಯೋ, ಕೈಗ್ ಬಂದಿದ್ನ ಕಳ್ಕತಾವ್ನಲ್ಲಪ್ಪ!" ಎಂದು ಎರಡು ಟೆಂಪೋ ಜನವೂ ತಲೆ ಚಚ್ಚಿಕೊಂಡರು. ಅಪ್ಪನ ಕೈಯಲ್ಲಿ ಗೊಂಚಲು ಝಣಝಣ ಎನ್ನುತ್ತಿತ್ತು.

ಮರಕ್ಕೆ ಬೆನ್ನು ಕೊಟ್ಟು, ಕೋಲನ್ನು ತಿರುಗಿಸಿ ಹಿಡಿದು, ಎಡಗೈಯವನಂತೆ ಮೆಲ್ಲಗೆ ತಟ್ಟಿದೆ. ಚೆಂಡು ಪಕ್ಕದ ಬಯಲಿಗೆ ಬಂತು. ಮುಂದಿನ ಹೊಡೆತ ಗದ್ದೆಯಲ್ಲಿ ಟವೆಲ್ಲಿಗೆ ಗುರಿಯಿಟ್ಟು ಹೊಡೆಯುತ್ತಿದ್ದ ಹೊಡೆತವೇ. ಚೆಂಡು ನೇರ ಹೋಗಿ ಗುಳಿಯಿಂದ ಎರಡು ಮಾರು ದೂರ ನಿಂತಿತು. ಜೊತೆಯವನು ತನ್ನ ನಾಲ್ಕನೆಯ ಹೊಡೆತದಲ್ಲಿ ಮುಗಿಸಿದ. ನನ್ನ ನಾಲ್ಕನೆಯದು ಗುಳಿಗೆ ಬಿದ್ದರೆ ಕಪ್ಪು ನನ್ನದು.

ಕೋಲು ಹಿಡಿದು ನಿಂತೆ. ಬೀಗದ ಕೈ ಸದ್ದು ನಿಂತಿತ್ತು. ಮಾವ ತಮ್ಮ ಬಾಯಿಯನ್ನು ತಾವೇ ಎರಡೂ ಕೈಯಿಂದ ಮುಚ್ಚಿಕೊಂಡಿದ್ದರು. ಅವರು ಮಾಡಿದ ಅತ್ಯುತ್ತಮ ಸಹಾಯ ಅದು.

ಚೆಂಡು ಉರುಳಿತು, ಅಂಚಿಗೆ ಬಂತು, ಬಿತ್ತು.

ಆಮೇಲೆ ಬೋರ್ಡು ಹಿಡಿದಿದ್ದವನೂ ಶಿಳ್ಳೆ ಹೊಡೆದನಂತೆ.

ಸನ್ಮಾನ

ಹೊಳೆನರಸೀಪುರದಲ್ಲಿ ಮೆರವಣಿಗೆ. ನಾನು ಬೇಡವೆಂದೆ, ಯಾರು ಕೇಳುತ್ತಾರೆ? ಜೆಸಿಬಿಯ ಕೈಗೆ ಕೊಬ್ಬರಿ ಹಾರ ನೇತುಹಾಕಿ ತಂದರು. ಅದು ಕೊರಳಿಗೆ ಬಿದ್ದಾಗ ಕಪ್ಪು ಹಿಡಿದಿದ್ದ ನಾನು ಕಪ್ಪಿನ ಸಮೇತ ಕುರ್ಚಿಯ ಮೇಲೆ ಕುಕ್ಕರಿಸಿದೆ.

ವೇದಿಕೆಯಲ್ಲಿ ಮಾವನದೇ ಮೈಕು. "ಚೆಂಡೆತ್ತಿಟ್ಟೋನು ನಾನೇ! ಆದ್ರೂ ನಮ್ಮಳಿಯ ಸತ್ಯ ಬಿಡ್ಲಿಲ್ಲ!" ಎಂದು ಆ ಮರದ ಕಥೆಯನ್ನು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು. ಆಗ, ಜನ್ಮದಲ್ಲಿ ಮೈಕು ಮುಟ್ಟದ ಅಪ್ಪ ಎದ್ದು ಹೋಗಿ ಅದನ್ನು ಇಸಿದುಕೊಂಡರು.

"ಮಿಲ್ಲು ನಾನೇ ನೋಡ್ಕತೀನಿ. ಇವ್ನು ಆಡ್ಕಂಡಿರ್ಲಿ" ಎಂದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದರು. ಜನ ಕೂಗಿದರು. ಅಪ್ಪ ಕೈಯೆತ್ತಿ ನಿಲ್ಲಿಸಿದರು.

"ಇನ್ನೊಂದ್ ಮಾತು. ಯಾರೂ ನೋಡ್ದಿದ್ರೂ ನನ್ ಮಗ ಏಳ್ದ. ಅಂದ್ಮೇಲೆ ನಾನೂ ಏಳ್ಬೇಕು. ಆ ಚೆಂಡ ಎತ್ತಿಟ್ಟೋನು ನಮ್ ಭಾಮೈದ ಅಲ್ಲ. ನಾನು. ಬಿದ್ದಲ್ಲೇ ಬಿಡಾಕೆ ಮನ್ಸು ಬರ್ಲಿಲ್ಲ."

ನನ್ನ ಹೆಂಡತಿ ಕೊಬ್ಬರಿ ಹಾರದ ಸಂದಿಯಿಂದ ಬಗ್ಗಿ ನನ್ನ ಕಿವಿಯಲ್ಲಿ, "ಜಿಲ್ಲೇಲಿ ಇನ್ನೊಬ್ರು ಸಿಕ್ಕಿದ್ರು" ಎಂದಳು.

ಮಾವ ಮಾತ್ರ ತಲೆಯ ಮೇಲೆ ಕೈ ಹೊತ್ತು ಕುಸಿದು ಕೂತರು. ಮೈಕು ಇನ್ನೂ ಆನ್ ಇದ್ದುದರಿಂದ ಅವರ ಸಂಕಟ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು.

"ಅಯ್ಯೋ ಭಾವಾ, ಯಾರೂ ನೋಡಿರ್ಲಿಲ್ವಲ್ಲಾ!"